ಹಾಜರಿ ಯಂತ್ರ, ಪಗಾರದ ಸಾಫ್ಟ್‌ವೇರ್ ಮತ್ತು ಓಟಿ ಲೆಕ್ಕ: ಕೊಳ್ಳುವ ಮುನ್ನ ನೋಡಬೇಕಾದ್ದು

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ಹಾಜರಿ ಯಂತ್ರ ಮಾರುವವರು ಎರಡು ವಸ್ತು ತಂದು ಕೊಡುತ್ತಾರೆ. ಒಂದು, ಗೇಟಿನ ಗೋಡೆಗೆ ಹೊಡೆಯುವ ಡಬ್ಬಿ. ಬೆರಳು ಇಲ್ಲವೆ ಮುಖ ಗುರುತಿಸುವಂಥದ್ದು. ಇನ್ನೊಂದು, ಆಫೀಸಿನ ಕಂಪ್ಯೂಟರಿಗೆ ಹಾಕಿಕೊಡುವ ಪಗಾರದ ಸಾಫ್ಟ್‌ವೇರ್. ಡಬ್ಬಿಯ ಮೇಲಿನ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಸೆಟ್ಟಿಂಗ್ ಬಹುಮಟ್ಟಿಗೆ ಒಂದೇ ನಮೂನೆ. ಹಾಗಾಗಿ ಇಲ್ಲಿ ತೂಗಿ ನೋಡಿರುವುದು ಒಂದು ಬ್ರಾಂಡನ್ನಲ್ಲ, ಈ ಜೋಡಿಯನ್ನು. ನೋಡಿದ್ದೂ ಒಂದೇ ವಿಷಯಕ್ಕೆ: ಹೆಚ್ಚುವರಿ ದುಡಿಮೆಯ, ಅಂದರೆ ಓಟಿಯ, ಲೆಕ್ಕ ಕಾಯ್ದೆಯ ಪ್ರಕಾರ ಬರುತ್ತದೋ ಇಲ್ಲವೋ.

ಡಬ್ಬಿಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಸಾಫ್ಟ್‌ವೇರನ್ನು ಅಂಗಡಿಯವರು ಹಾಕಿಕೊಟ್ಟ ಹಾಗೆಯೇ ಬಿಟ್ಟರೆ ಎರಡೇ. ಅರ್ಧ ದಿನ ಕೂತು ಸೆಟ್ಟಿಂಗ್ ತಿದ್ದಿಸಿಕೊಂಡರೆ ಅದೂ ನಾಲ್ಕಕ್ಕೆ ಏರುತ್ತದೆ. ಆ ಅರ್ಧ ದಿನ ಯಾಕೆ ಬೇಕು ಎಂಬುದೇ ಮುಂದಿನ ಮಾತು.

ಡಬ್ಬಿಯ ವಿಷಯ ಬೇಗ ಮುಗಿಯುತ್ತದೆ. ಲೇತ್ ಮುಂದೆ ಕೂಲಂಟ್ ಎಣ್ಣೆಯಲ್ಲಿ ಕೈ ಆಡಿಸುವವರ, ಫೌಂಡ್ರಿಯಲ್ಲಿ ಮರಳು ಹಿಡಿಯುವವರ ಬೆರಳಿನ ಗೆರೆ ಸವೆದಿರುತ್ತದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಬೆರಳಿಗೆ ಕಾಯಿಯ ಬಣ್ಣ ಮತ್ತು ಪುಡಿ ಮೆತ್ತಿಕೊಂಡಿರುತ್ತದೆ. ಇಂಥ ಕಡೆ ಬೆರಳಚ್ಚು ಒಂದನ್ನೇ ನಂಬಿದರೆ ದಿನಕ್ಕೆ ನಾಲ್ಕು ಜನರ ಹಾಜರಿ ತಪ್ಪುತ್ತದೆ. ಬೆರಳು, ಕಾರ್ಡು, ಮುಖ ಮೂರರಲ್ಲಿ ಎರಡಾದರೂ ಇರುವ ಮಾದರಿ ಕೊಳ್ಳಿ. ಹೆಸರು ಹಚ್ಚುವಾಗ ಎರಡೂ ಕೈಯ ಒಂದೊಂದು ಬೆರಳು ಕೊಡಿಸಿ. ಮುಖ ನೋಡುವ ಯಂತ್ರವನ್ನು ಬಿಸಿಲು ನೇರ ಹೊಡೆಯುವ ಕಡೆ ಕೂಡಿಸಬೇಡಿ. ಬ್ಯಾಟರಿ ಬ್ಯಾಕಪ್ ಇಲ್ಲದಿದ್ದರೆ ಕರೆಂಟ್ ಹೋದ ಹೊತ್ತಿನ ಪಂಚ್ ದಾಖಲಾಗುವುದಿಲ್ಲ. ಯಂತ್ರದ ಗಡಿಯಾರವನ್ನು ವಾರಕ್ಕೊಮ್ಮೆ ಮೊಬೈಲಿನ ಹೊತ್ತಿಗೆ ತಾಳೆ ನೋಡಿ. ಅದು ಹತ್ತು ನಿಮಿಷ ಹಿಂದೆ ಬಿದ್ದರೆ ಸಂಜೆಯ ಪಂಚಿನಲ್ಲಿ ಹತ್ತು ನಿಮಿಷದ ಓಟಿ ಕಾಣೆಯಾಗುತ್ತದೆ.

ಇನ್ನು ಸಾಫ್ಟ್‌ವೇರ್. ಅದರ ಅತಿ ದೊಡ್ಡ ದೋಷ ಲೆಕ್ಕದ ತಪ್ಪಲ್ಲ, ಪಾಳಿ ಹಾಕುವ ರೀತಿ. ಆರ್ಡರ್ ಜಾಸ್ತಿ ಬಂದಾಗ ಆಫೀಸಿನವರು ಓಟಿ ಎಂದು ಬೇರೆ ನಮೂದಿಸುವ ಬದಲು ಪಾಳಿಯನ್ನೇ ಹಿಗ್ಗಿಸುತ್ತಾರೆ. ಬೆಳಿಗ್ಗೆ 8ರಿಂದ ಸಂಜೆ 4:30ರ ಪಾಳಿ ರಾತ್ರಿ 8ರವರೆಗೆ ಹೋಗುತ್ತದೆ. ಒಬ್ಬ ಹೆಲ್ಪರ್ ತನ್ನ ಎಂಟು ತಾಸು ಮುಗಿಸಿ 4:30ಕ್ಕೆ ಬೆರಳು ಒತ್ತಿ ಮನೆಗೆ ಹೋದ ಎನ್ನಿ. ಸಾಫ್ಟ್‌ವೇರಿನ ಕಣ್ಣಿಗೆ ಅವನು ಪಾಳಿ ನಡುವೆ ಎದ್ದು ಹೋದವನು. ಆ ದಿನದ ಎದುರು ಅರ್ಧ ದಿನ ಎಂದು ಬರೆದು ಅರ್ಧ ಪಗಾರ ಕತ್ತರಿಸುತ್ತದೆ. ಮುಕಾದಮ ಬಾಯಿ ಬಿಟ್ಟು ಒತ್ತಾಯ ಮಾಡಿಲ್ಲ, ಆದರೂ ಓಟಿ ಕಡ್ಡಾಯ ಆಯಿತು. ಮರುದಿನದಿಂದ ಯಾರೂ 4:30ಕ್ಕೆ ಏಳುವುದಿಲ್ಲ.

ಕಾಯ್ದೆ ಇದನ್ನು ಒಪ್ಪುವುದಿಲ್ಲ. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020, ಇನ್ನುಳಿದ ಮೂರು ಕಾರ್ಮಿಕ ಸಂಹಿತೆಗಳ ಜೊತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ 27ನೇ ಕಲಂ ನೇರವಾಗಿಯೇ ಹೇಳುತ್ತದೆ: ಕಾರ್ಮಿಕರ ಒಪ್ಪಿಗೆ ಇದ್ದರೆ ಮಾತ್ರ ಓಟಿ, ಮತ್ತು ಅದಕ್ಕೆ ಎರಡು ಪಟ್ಟು ದರ. ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ಓಟಿ ಮಂಜೂರಾತಿ ಎಂಬ ಗುಂಡಿ ಇದೆ, ಆದರೆ ಅದನ್ನು ಒತ್ತುವವರು ಮ್ಯಾನೇಜರ್. ದುಡಿಯುವವರು ಹೂಂ ಅಂದರೋ ಉಹೂಂ ಅಂದರೋ ಬರೆಯಲು ಜಾಗವೇ ಇಲ್ಲ. ಈ ಕೊರತೆಯನ್ನು ಕಾಗದದಿಂದಲೇ ತುಂಬಬೇಕು. ತಾರೀಖು, ಯಾವ ಕೆಲಸಕ್ಕೆ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಸಹಿ ಎಂದು ನಾಲ್ಕು ಕಾಲಮಿನ ಹಾಳೆ, ಕನ್ನಡದಲ್ಲಿ. ಸಹಿ ಓಟಿ ಶುರುವಾಗುವ ಮೊದಲೇ ಬೀಳಬೇಕು. ತಿಂಗಳ ಕೊನೆಗೆ ಒಟ್ಟಿಗೆ ಹಾಕಿಸಿಕೊಂಡ ಸಹಿ ಒಪ್ಪಿಗೆಯಲ್ಲ. ಸಾಫ್ಟ್‌ವೇರಿನಲ್ಲಿ ಪಾಳಿಯನ್ನು ಎಂಟು ತಾಸಿಗೇ ಬಿಟ್ಟು, ಪಾಳಿಯ ನಂತರದ ಹೊತ್ತನ್ನು ಓಟಿ ಲೆಕ್ಕಕ್ಕೆಂದು ಬೇರೆ ಎಣಿಸುವಂತೆ ಮಾಡಿಸಿ. ಆಗ 4:30ಕ್ಕೆ ಹೋದವರಿಗೆ ಪೂರ್ತಿ ದಿನ, ಉಳಿದವರಿಗೆ ಪೂರ್ತಿ ದಿನ ಮತ್ತು ಓಟಿ. ಹೆಣ್ಣುಮಕ್ಕಳನ್ನು ಸಂಜೆ 7ರ ನಂತರ ಅಥವಾ ಬೆಳಿಗ್ಗೆ 6ರ ಮೊದಲು ಕೆಲಸಕ್ಕೆ ಹಚ್ಚುವುದಾದರೆ ಅದಕ್ಕೂ ಅವರ ಒಪ್ಪಿಗೆ ಬೇಕು. ಆ ಹಾಳೆ ಬೇರೆಯೇ ಇರಲಿ.

ಎರಡನೆಯ ದೋಷ, ಬರೀ ದಿನದ ಲೆಕ್ಕ ನೋಡುವುದು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಇಲ್ಲಿನ ಘಟಕಗಳು ಓಟಿ ಎಣಿಸುತ್ತ ಬಂದದ್ದು ದಿನಕ್ಕೆ 9 ತಾಸು ಅಥವಾ ವಾರಕ್ಕೆ 48 ತಾಸು ದಾಟಿದಾಗ. ಸಾಫ್ಟ್‌ವೇರಿನಲ್ಲಿ ಮಾತ್ರ ಸಾಮಾನ್ಯವಾಗಿ 9 ತಾಸು ಮೀರಿದರೆ ಓಟಿ ಎಂಬ ಒಂದೇ ಪೆಟ್ಟಿಗೆ ತುಂಬಿರುತ್ತದೆ. ದಿನಾ 8 ತಾಸು 45 ನಿಮಿಷ ದುಡಿಸಿದರೆ ಆರು ದಿನಕ್ಕೆ 52 ತಾಸು 30 ನಿಮಿಷ ಆಗುತ್ತದೆ. ಯಾವ ದಿನವೂ ಒಂಬತ್ತು ಮುಟ್ಟಿಲ್ಲ, ಹಾಗಾಗಿ ಸಾಫ್ಟ್‌ವೇರ್ ಸೊನ್ನೆ ತೋರಿಸುತ್ತದೆ. ಕೊಡಬೇಕಾದ್ದು ನಾಲ್ಕೂವರೆ ತಾಸು. ತದ್ವಿರುದ್ಧ ಕೂಡ ಆಗುತ್ತದೆ: ಎರಡು ದಿನ 11 ತಾಸು, ಮೂರು ದಿನ 8 ತಾಸು, ಒಂದು ದಿನ ರಜೆ. ವಾರದ ಮೊತ್ತ 46, ನಲವತ್ತೆಂಟರ ಒಳಗೇ ಇದೆ. ಆದರೆ ದಿನದ ಲೆಕ್ಕದಲ್ಲಿ 4 ತಾಸು ಓಟಿ ಬಂದಿದೆ. ಹೊಸ ಸಂಹಿತೆ ಹೇಳುವುದು, ದಿನದ ಲೆಕ್ಕ ಮತ್ತು ವಾರದ ಲೆಕ್ಕದಲ್ಲಿ ಕಾರ್ಮಿಕರಿಗೆ ಯಾವುದು ಲಾಭವೋ ಅದನ್ನು ಹಿಡಿಯಬೇಕು ಎಂದು. ಎರಡನ್ನೂ ಎಣಿಸಿ ದೊಡ್ಡದನ್ನು ಆರಿಸುವ ಸೌಲಭ್ಯ ಇಲ್ಲದ ಸಾಫ್ಟ್‌ವೇರ್ ಎಷ್ಟು ಅಗ್ಗವಾದರೂ ಬೇಡ. ಇದನ್ನು ಕೈಯಿಂದ ತಿದ್ದುತ್ತ ಕೂಡುವುದು ಆಗದ ಮಾತು.

ದರದಲ್ಲಿ ಆಗುವ ಅನ್ಯಾಯ ಇನ್ನೂ ಸೂಕ್ಷ್ಮ. ತಿಂಗಳಿಗೆ ಮೂಲ ವೇತನ 10,400, ತುಟ್ಟಿಭತ್ಯೆ 5,200, ಒಟ್ಟು 15,600 ರೂಪಾಯಿ ಇರುವವರನ್ನು ತೆಗೆದುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 600, ತಾಸಿಗೆ 75, ಓಟಿ ತಾಸಿಗೆ 150. ಸಾಫ್ಟ್‌ವೇರ್ 30ರಿಂದ ಭಾಗಿಸುವಂತೆ ಇದ್ದರೆ ಅದೇ ತಾಸು 130ಕ್ಕೆ ಇಳಿಯುತ್ತದೆ. ತುಟ್ಟಿಭತ್ಯೆ ಬಿಟ್ಟು ಮೂಲ ವೇತನವನ್ನಷ್ಟೇ ಹಿಡಿದರೆ 100. ಗುಣಕವನ್ನು 2ರ ಬದಲು 1 ಎಂದು ಬಿಟ್ಟಿದ್ದರೆ 75. ತಿಂಗಳಿಗೆ 40 ತಾಸು ಓಟಿ ಎಂದರೆ 6,000, 5,200, 4,000, 3,000. ನಾಲ್ಕೂ ಅಂಕಿ ಒಂದೇ ಪರದೆಯ ಮೂರು ಪೆಟ್ಟಿಗೆಗಳಿಂದ ಹುಟ್ಟುತ್ತವೆ. ಡೆಮೊ ನೋಡುವಾಗ ಆ ಪರದೆಯನ್ನು ತೆಗೆಸಿ ನೋಡದೆ ಬರಬೇಡಿ. 30ರ ಭಾಜಕ ವಾರದ ಸೂಟಿಗೂ ಬೇರೆ ಪಗಾರ ಕೊಡುತ್ತಿದ್ದೇವೆ ಎಂಬ ನೆಪದಲ್ಲಿ ಬಂದು ಕೂತಿರುತ್ತದೆ. ತಿಂಗಳ ಪಗಾರದವರಿಗೆ 26 ದಿನ ಹಿಡಿಯುವುದೇ ರೂಢಿ ಮತ್ತು ನ್ಯಾಯ.

ಭತ್ಯೆಗಳ ಬಗ್ಗೆಯೂ ಒಂದು ಮಾತು. ಹೊಸ ಸಂಹಿತೆಯ ವ್ಯಾಖ್ಯೆಯಲ್ಲಿ ಮನೆಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಯಂಥವು ವೇತನದ ಹೊರಗೆ. ಆದರೆ ಹೊರಗಿಟ್ಟ ಮೊತ್ತ ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದಷ್ಟನ್ನು ವೇತನಕ್ಕೆ ಸೇರಿಸಬೇಕು. ಒಟ್ಟು 24,000ದಲ್ಲಿ ಮೂಲ ಮತ್ತು ತುಟ್ಟಿಭತ್ಯೆ ಸೇರಿ 9,000, ಉಳಿದ ಭತ್ಯೆ 15,000 ಇದ್ದರೆ, ಅರ್ಧವಾದ 12,000 ದಾಟಿದ 3,000 ವೇತನಕ್ಕೆ ಬರುತ್ತದೆ. ಓಟಿ ದರ ಹುಟ್ಟುವುದು 12,000ದಿಂದ, 9,000ದಿಂದಲ್ಲ. ಈ ಲೆಕ್ಕ ಹಾಕದ ಹಳೆಯ ಆವೃತ್ತಿಯ ಸಾಫ್ಟ್‌ವೇರನ್ನು ತಳ್ಳಿಬಿಡುವ ಪ್ರಯತ್ನ ಆಗಬಹುದು, ಎಚ್ಚರ.

ನಗ್ ಲೆಕ್ಕದಲ್ಲಿ, ಅಂದರೆ ಮಾಡಿದ ಸರಕಿನ ಎಣಿಕೆಗೆ ಕೂಲಿ ಪಡೆದು, ದುಡಿಯುವವರಿಗೆ ಓಟಿ ಇಲ್ಲ ಎಂಬ ಮಾತು ಹಾವೇರಿ, ಗದಗ ಎರಡೂ ಕಡೆ ಕೇಳಿಬರುತ್ತದೆ. ಅದು ಸುಳ್ಳು. ಕಾರ್ಖಾನೆ ಕಾಯ್ದೆಯಲ್ಲೇ ಅವರಿಗೆ ದಾರಿ ಇತ್ತು: ಹಿಂದಿನ ತಿಂಗಳು ಅದೇ ಕೆಲಸದಲ್ಲಿ ನಿಜವಾಗಿ ದುಡಿದ ದಿನಗಳ ಸರಾಸರಿ ಗಳಿಕೆ ತೆಗೆದು, ಅದನ್ನೇ ದಿನದ ದರ ಎಂದು ಹಿಡಿಯುವುದು. ಸಾಫ್ಟ್‌ವೇರಿನಲ್ಲಿ ನಗ್ ಕೆಲಸದ ವಿಭಾಗವೇ ಇಲ್ಲದಿದ್ದರೆ ಇಂಥ ಘಟಕಕ್ಕೆ ಅದರಿಂದ ಉಪಯೋಗ ಕಡಿಮೆ.

ನಿಮಿಷಗಳ ಕತ್ತರಿಯನ್ನು ನೋಡಿ. ಅರ್ಧ ತಾಸು ತುಂಬದಿದ್ದರೆ ಓಟಿ ಹಿಡಿಯಬೇಡ ಎಂಬ ಸೆಟ್ಟಿಂಗ್ ಬಹಳ ಕಡೆ ಹಾಕಿಯೇ ಬಂದಿರುತ್ತದೆ. ದಿನಾ 25 ನಿಮಿಷ ಹೆಚ್ಚು ದುಡಿದವರಿಗೆ 26 ದಿನಕ್ಕೆ 650 ನಿಮಿಷ, ಅಂದರೆ 10 ತಾಸು 50 ನಿಮಿಷ ಹೋಯಿತು. 150ರ ದರದಲ್ಲಿ ಅದು 1,625 ರೂಪಾಯಿ. ಒಂದು ಮನೆಯ ಗ್ಯಾಸ್ ಸಿಲಿಂಡರು ಮತ್ತು ಕರೆಂಟ್ ಬಿಲ್ಲಿನ ದುಡ್ಡು. ಅದೇ ಸಾಫ್ಟ್‌ವೇರ್ ಬೆಳಿಗ್ಗೆ ಆರು ನಿಮಿಷ ತಡವಾದರೆ ಕಾಲು ತಾಸಿನ ಪಗಾರ ಹಿಡಿಯುವಂತೆ ಇರುತ್ತದೆ. ಎರಡೂ ಕಡೆ ನಿಮಿಷಕ್ಕೆ ನಿಮಿಷ ಎಂದು ಮಾಡಿಸಿ. ಊಟದ ಅರ್ಧ ತಾಸನ್ನು ತಾನಾಗಿ ಕಳೆಯುವ ಸೆಟ್ಟಿಂಗೂ ಹಾಗೆಯೇ. ಫರ್ನೇಸ್ ಪಾಳಿಯಲ್ಲಿ ಯಂತ್ರ ಬಿಟ್ಟು ಏಳಲಾಗದೆ ನಿಂತಲ್ಲೇ ಬುತ್ತಿ ಬಿಚ್ಚಿದವರಿಗೆ ಬಿಡುವೂ ಸಿಗಲಿಲ್ಲ, ಪಗಾರವೂ ಸಿಗಲಿಲ್ಲ. ಬಿಡುವು ಕೊಡಲೇಬೇಕು, ಕೊಡಲಾಗದ ದಿನ ಆ ಕಳೆತವನ್ನು ತೆಗೆಯಬೇಕು.

ರಾತ್ರಿ ಪಾಳಿ ಇರುವ ಘಟಕಕ್ಕೆ ಇನ್ನೊಂದು ಕಾಟ. ರಾತ್ರಿ 10ಕ್ಕೆ ಒಳಬಂದ ಪಂಚು ಒಂದು ತಾರೀಖಿಗೆ, ಬೆಳಿಗ್ಗೆ 6ರದ್ದು ಮುಂದಿನ ತಾರೀಖಿಗೆ ಹೋಗಿ, ಎರಡೂ ದಿನ ಒಂಟಿ ಪಂಚ್ ಎಂದು ಕೆಂಪು ಗುರುತು ಬೀಳುತ್ತದೆ. ಪಾಳಿಯ ಸೆಟ್ಟಿಂಗಿನಲ್ಲಿ ಮರುದಿನ ಹೊರಹೋಗುವ ಪಾಳಿ ಎಂಬ ಗುರುತು ಹಾಕಿದರೆ ಮಧ್ಯರಾತ್ರಿ ನಂತರದ ತಾಸುಗಳು ಹಿಂದಿನ ದಿನಕ್ಕೇ ಸೇರುತ್ತವೆ. ಹೀಗೆ ಸೇರಿಸಬೇಕೆಂಬುದು ಕಾಯ್ದೆಯದೇ ನಿಯಮ. ವಾರದ ಸೂಟಿಯನ್ನೂ ಪಾಳಿ ಮುಗಿದ ಹೊತ್ತಿನಿಂದ 24 ತಾಸು ಎಣಿಸಬೇಕು. ಭಾನುವಾರ ಬೆಳಿಗ್ಗೆ 6ಕ್ಕೆ ಮನೆಗೆ ಹೋದವರನ್ನು ಅದೇ ರಾತ್ರಿ 10ಕ್ಕೆ ಕರೆದರೆ ಅದು ಸೂಟಿ ಆಗುವುದಿಲ್ಲ.

ಮಿತಿ ದಾಟಿದಾಗ ಎಚ್ಚರಿಸುವ ಗಂಟೆ ಈ ಸಾಫ್ಟ್‌ವೇರುಗಳಲ್ಲಿ ಇದ್ದರೆ ಅದು ನಿಜಕ್ಕೂ ಒಳ್ಳೆಯ ಗುಣ. 1948ರ ಕಾಯ್ದೆ ಸಾಮಾನ್ಯವಾಗಿ ಮೂರು ತಿಂಗಳಿಗೆ 50 ತಾಸು ಓಟಿ, ವಿಶೇಷ ವಿನಾಯಿತಿಯಲ್ಲಿ 75 ಎಂದಿತ್ತು. ಕರ್ನಾಟಕ ವಿಧಾನಮಂಡಲ 2023ರಲ್ಲಿ ಒಪ್ಪಿದ ತಿದ್ದುಪಡಿ ಅದನ್ನು 144ಕ್ಕೆ ಏರಿಸಿತು. ಹೊಸ ಸಂಹಿತೆಯಲ್ಲಿ ಒಟ್ಟು ಮಿತಿ ಗೊತ್ತುಮಾಡುವುದು ಸರಕಾರದ ನಿಯಮದ ಕೆಲಸ. ಅಂಕಿ ಹೀಗೆ ಬದಲಾಗುವುದರಿಂದ ನೀವೇ ತಿದ್ದಬಹುದಾದ ಪೆಟ್ಟಿಗೆ ಇರಬೇಕು. ಸದ್ಯದ ಅಂಕಿಯನ್ನು ಮಾರುವವರಿಂದಲ್ಲ, ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಕಚೇರಿಯಿಂದ ಕೇಳಿ ತುಂಬಿ. ತ್ರೈಮಾಸಿಕ ಎಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದರಿಂದ ಶುರು. ಹುಬ್ಬಳ್ಳಿ ದುರ್ಗದಬೈಲಿನ ಬಟ್ಟೆ ಅಂಗಡಿಯಂಥ ವ್ಯಾಪಾರದವರಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ: ದಿನಕ್ಕೆ 9, ವಾರಕ್ಕೆ 48, ಓಟಿ ಸೇರಿ ದಿನಕ್ಕೆ 10 ತಾಸು, ಮೂರು ತಿಂಗಳಿಗೆ 50 ತಾಸು ಓಟಿ, ದರ ಎರಡು ಪಟ್ಟು. ದೀಪಾವಳಿ ಸೀಸನ್ನಿನಲ್ಲಿ ಮೊದಲು ಒಡೆಯುವುದು ಈ ಹತ್ತು ತಾಸಿನ ಮಿತಿಯೇ.

ಓಟಿಗೆ ಅರ್ಹರಲ್ಲ ಎಂಬ ಟಿಕ್ ಗುರುತನ್ನು ಹುದ್ದೆಯ ಹೆಸರು ನೋಡಿ ಹಾಕಬೇಡಿ. ಕಾರ್ಡಿನ ಮೇಲೆ ಸೂಪರ್‌ವೈಸರ್ ಎಂದಿದ್ದು ದಿನವಿಡೀ ಲೇತ್ ನಡೆಸುವವರು ಕಾರ್ಮಿಕರೇ. ಸೂಪರ್‌ವೈಸರ್‌ಗಳಲ್ಲಿ ನಿಜವಾದ ಮೇಲ್ವಿಚಾರಣೆ ಮಾಡುತ್ತ ತಿಂಗಳಿಗೆ 18,000 ರೂಪಾಯಿ ಮೀರಿದ ವೇತನ ಇರುವವರು ಮಾತ್ರ ಹೊರಗೆ.

ಕಡಿತಗಳಲ್ಲಿ ಎರಡು ತಪ್ಪು ಜೋಡಿಯಾಗಿ ಬರುತ್ತವೆ. ಓಟಿ ಹಣದ ಮೇಲೆ ಪಿಎಫ್ ಹಿಡಿಯಬಾರದು, ಹಿಡಿಯುತ್ತವೆ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಯನ್ನು (ಕಾರ್ಮಿಕರದು ಶೇ. 0.75, ಮಾಲಕರದು ಶೇ. 3.25) ಹಳೆಯ ಕಾಯ್ದೆಯಲ್ಲಿ ಓಟಿಯ ಮೇಲೂ ಹಿಡಿಯಬೇಕಿತ್ತು; ಹೊಸ ಸಂಹಿತೆಯ ವ್ಯಾಖ್ಯೆಯಲ್ಲಿ ಓಟಿ ಭತ್ಯೆ ವೇತನದ ಹೊರಗೆ. 21,000ದ ಇಎಸ್‌ಐ ಮಿತಿಯೊಳಗೆ ಇದ್ದಾರೋ ಎಂದು ನೋಡುವಾಗಲೂ ಓಟಿಯನ್ನು ಲೆಕ್ಕಕ್ಕೆ ಹಿಡಿಯಬಾರದು, ಹಿಡಿಯುತ್ತವೆ. ಓಟಿ ಜಾಸ್ತಿ ಆದ ತಿಂಗಳು ಯಾರದಾದರೂ ಇಎಸ್‌ಐ ತಾನಾಗಿ ನಿಂತಿದ್ದರೆ ತಪ್ಪು ಇಲ್ಲೇ ಇದೆ, ಆಸ್ಪತ್ರೆಯ ಬಾಗಿಲಲ್ಲಿ ಅದು ಗೊತ್ತಾಗುವಂತೆ ಆಗಬಾರದು.

ಪಂಚ್ ತಿದ್ದಿದ್ದರ ಗುರುತು ಉಳಿಯುತ್ತದೆಯೇ ಎಂದು ಕೇಳಿ: ಯಾರು, ಯಾವಾಗ, ಮೊದಲು ಎಷ್ಟಿತ್ತು ಎಂಬ ಮೂರೂ ಕಾಣಬೇಕು. ಸುಳಿವಿಲ್ಲದೆ ತಿದ್ದಲು ಬಿಡುವ ಸಾಫ್ಟ್‌ವೇರಿನ ದಾಖಲೆ ತಕರಾರು ಬಂದ ದಿನ ಮಾಲಕರನ್ನೂ ಕಾಪಾಡುವುದಿಲ್ಲ. ಕನ್ನಡದ ಹೆಸರುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಹಾಕಿದರೆ ವರದಿಯಲ್ಲಿ ಅಡ್ಡಾದಿಡ್ಡಿ ಅಕ್ಷರ ಬರುತ್ತದೆ; ಯೂನಿಕೋಡಿನಲ್ಲಿ ತುಂಬಿಸಿ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನಾಲ್ಕು ಸುಳ್ಳು ಹೆಸರು ಹಾಕಿಸಿ, 15,600ರ ಪಗಾರ ಕೊಟ್ಟು, ಒಂದು ವಾರ ಓಡಿಸಿ ನೋಡಿ. ಮೊದಲನೆಯವರಿಗೆ ಆರು ದಿನ 8:45 ತಾಸು: 4.5 ತಾಸು, 675 ರೂಪಾಯಿ ಬರಬೇಕು. ಎರಡನೆಯವರಿಗೆ ಎರಡು ದಿನ 11, ಮೂರು ದಿನ 8: 4 ತಾಸು, 600. ಮೂರನೆಯವರು ಆರು ರಾತ್ರಿ 10ರಿಂದ 6, ಒಂದೂ ಗೈರು ಬೀಳಬಾರದು. ನಾಲ್ಕನೆಯವರನ್ನು ಓಟಿ ಪಟ್ಟಿಗೆ ಹಾಕಿ, 4:30ಕ್ಕೇ ಹೊರಗೆ ಕಳಿಸಿ. ಪೂರ್ತಿ ದಿನದ ಹಾಜರಿ ಬರಬೇಕು. ಆಮೇಲೆ ನಾಲ್ಕೂ ಪಗಾರ ಚೀಟಿ ಪ್ರಿಂಟ್ ತೆಗೆಸಿ. ಓಟಿ ತಾಸು, ತಾಸಿನ ದರ, ಮೊತ್ತ ಮೂರೂ ಬೇರೆ ಬೇರೆ ಸಾಲಿನಲ್ಲಿ ಇದ್ದರೆ ಬಿಲ್ಲು ಮಾಡಿಸಿ. ಇತರೆ ಎಂಬ ಒಂದೇ ಸಾಲಿನಲ್ಲಿ ಅಡಗಿ ಕೂತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.