ಸ್ಪೀಕರ್ ಪಕ್ಕ ನಿಲ್ಲಬೇಡಿ: ಹೊಸ ಬ್ಯಾಂಡ್ ಕೇಳಲು ಹೋಗುವವರಿಗೆ ಒಂದು ಎಚ್ಚರಿಕೆ

ಬೆಂಗಳೂರಿನ ಪಬ್ಬುಗಳಲ್ಲಿ, ಬೇಸ್‌ಮೆಂಟ್ ಹಾಲುಗಳಲ್ಲಿ, ಕೆಫೆಗಳ ಮಹಡಿಗಳಲ್ಲಿ ನಡೆಯುವ ಸಣ್ಣ ಗಿಗ್‌ಗಳಿಗೆ, ಅಂದರೆ ಬ್ಯಾಂಡ್ ಕಛೇರಿಗಳಿಗೆ, ಹೋಗುವ ಅಭ್ಯಾಸ ನಿಮಗಿದ್ದರೆ, ಅಥವಾ ಈಗಷ್ಟೇ ಹೋಗಲು ಶುರುಮಾಡಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಕಲಿ ಟಿಕೆಟ್ಟಿನ ಬಗ್ಗೆ, ಕವರ್ ಚಾರ್ಜ್ ಬಗ್ಗೆ, ರಾತ್ರಿ ಹತ್ತರ ಮೇಲಿನ ಆಟೋ ದರದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳಹೊರಟಿರುವುದು ಕಿವಿಯ ಬಗ್ಗೆ. ಒಂದು ಗಿಗ್‌ನಲ್ಲಿ ನನ್ನ ಎಡಗಿವಿಗೆ ಬಿದ್ದ ಪೆಟ್ಟು ಇನ್ನೂ ವಾಸಿಯಾಗಿಲ್ಲ; ಪೂರ್ತಿ ವಾಸಿಯಾಗುವುದೂ ಇಲ್ಲ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಈ ಊರಿನಲ್ಲಿ ಹೊಸ ಬ್ಯಾಂಡುಗಳು ಸಿಗುವುದು ದೊಡ್ಡ ಮೈದಾನಗಳಲ್ಲಲ್ಲ. 2011ರಲ್ಲಿ ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಸೇರಿದ ಜನಸ್ತೋಮ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ಹೋಗಿತ್ತು. ಆದರೆ ಥರ್ಮಲ್ ಅಂಡ್ ಎ ಕ್ವಾರ್ಟರ್, ಸ್ವರಾತ್ಮ, ಪರ್ವಾಜ್, ಕ್ರಿಪ್ಟೋಸ್‌ನಂತಹ ಬೆಂಗಳೂರಿನ ತಂಡಗಳನ್ನು ಮೊದಮೊದಲು ಕೇಳಿದವರಲ್ಲಿ ಬಹುಪಾಲು ಜನ ಕೇಳಿದ್ದು ಇಕ್ಕಟ್ಟಾದ ಕೋಣೆಗಳಲ್ಲಿ, ಕಾಲೇಜು ಉತ್ಸವಗಳಲ್ಲಿ, ಆಗಸ್ಟ್ ತಿಂಗಳ ಫ್ರೀಡಂ ಜ್ಯಾಮ್‌ನಂತಹ ಬಯಲು ಕಾರ್ಯಕ್ರಮಗಳಲ್ಲಿ. ಇಂದಿರಾನಗರದ ದಿ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಮುಚ್ಚಿದಾಗ ಇಂಥ ಕೋಣೆಗಳಲ್ಲಿ ಒಂದು ಒಳ್ಳೆಯದು ಹೋಯಿತು. ಉಳಿದ ಜಾಗಗಳಲ್ಲಿ ಸಂಗೀತಕ್ಕೆಂದೇ ಕಟ್ಟಿದವು ಕೆಲವೇ ಕೆಲವು. ಹೆಚ್ಚಿನವು ಊಟದ ಮೇಜುಗಳನ್ನು ಗೋಡೆಗೆ ಸರಿಸಿ, ಮೂಲೆಯಲ್ಲಿ ಡ್ರಮ್ಸ್ ಇಟ್ಟು, ಅದನ್ನೇ ವೇದಿಕೆ ಎಂದು ಕರೆಯುವಂಥವು.

ಘಟನೆ ನಡೆದದ್ದು ಅಂಥದ್ದೊಂದು ಜಾಗದಲ್ಲಿ. ಹೆಸರು ಬೇಡ, ಏಕೆಂದರೆ ಆ ಒಂದು ಜಾಗವನ್ನು ಬಿಟ್ಟರೆ ಸಾಕು ಎಂಬ ತಪ್ಪು ಕಲ್ಪನೆ ಯಾರಿಗೂ ಬರಬಾರದು. ಮೂರು ಬ್ಯಾಂಡುಗಳ ರಾತ್ರಿ. ನಾನು ಹೋಗಿದ್ದು ಮೊದಲು ನುಡಿಸಲಿದ್ದ, ಹೆಸರೂ ಸರಿಯಾಗಿ ಗೊತ್ತಿಲ್ಲದ ತಂಡಕ್ಕಾಗಿ. ಕೈಯೆತ್ತಿದರೆ ತಗಲುವಂಥ ತಗ್ಗು ಸೂರು, ಮೂರು ಕಡೆ ಗಾಜು, ಒಂದು ಕಡೆ ಬರಿಯ ಸಿಮೆಂಟ್ ಗೋಡೆ. ಪಿಎ, ಅಂದರೆ ಕೇಳುಗರತ್ತ ಮುಖಮಾಡಿದ ದೊಡ್ಡ ಸ್ಪೀಕರುಗಳನ್ನು ತೂಗುಹಾಕುವ ಬದಲು ಸಬ್‌ವೂಫರ್ ಮೇಲೆ ನೆಲದಲ್ಲೇ ಪೇರಿಸಿದ್ದರಿಂದ ಅವುಗಳ ಹಾರ್ನ್ (ಮೇಲಿನ ಸ್ವರ ಹೊರಡುವ ಬಾಯಿ) ನೇರವಾಗಿ ನಿಂತವರ ಕಿವಿಯ ಎತ್ತರಕ್ಕೆ ಬಂದಿತ್ತು. ಅವುಗಳ ಮುಂದೆ ತಡೆ ಬೇಲಿಯಾಗಲಿ, ಖಾಲಿ ಜಾಗವಾಗಲಿ ಇರಲಿಲ್ಲ. ಎರಡನೆಯ ಬ್ಯಾಂಡಿನ ಹೊತ್ತಿಗೆ ಹಿಂದಿನಿಂದ ಜನ ಒತ್ತಿ ಬಂದು, ನಮ್ಮ ಗುಂಪು ಎಡಗಡೆಯ ಸ್ಪೀಕರಿಗೆ ಒಂದು ತೋಳಿನ ದೂರದಲ್ಲಿ ಸಿಕ್ಕಿಕೊಂಡಿತು. ಗೆಳತಿಯ ಸ್ಮಾರ್ಟ್‌ವಾಚ್ 105 ಡೆಸಿಬೆಲ್ ತೋರಿಸಿ ಎಚ್ಚರಿಕೆ ಕೊಟ್ಟಿತು. ಮಧ್ಯಂತರದಲ್ಲಿ ನಾನು ಮಿಕ್ಸಿಂಗ್ ಕನ್ಸೋಲ್ ಬಳಿ ಹೋಗಿ ಸ್ವಲ್ಪ ತಗ್ಗಿಸಲು ಕೇಳಿದೆ. ಸೌಂಡ್ ಎಂಜಿನಿಯರ್ ಆಯೋಜಕರತ್ತ ಕೈತೋರಿಸಿದರು. ಆಯೋಜಕರು ನಕ್ಕು, “ರಾಕ್ ಶೋ ಅಲ್ಲವೇ, ಹೀಗೇ ಇರುತ್ತದೆ” ಎಂದರು. ಇಯರ್‌ಪ್ಲಗ್ ಇದೆಯೇ ಎಂದು ಕೇಳಿದ್ದಕ್ಕೆ ಬಾರ್‌ನಿಂದ ಟಿಶ್ಯೂ ಕಾಗದ ಕೊಟ್ಟರು. ಮೂರನೆಯ ಬ್ಯಾಂಡಿನ ಗಾಯಕ ಮೈಕ್ ಹಿಡಿದು ಸ್ಪೀಕರಿನ ಮುಂದೆ ಹಾದುಹೋದಾಗ ಎದ್ದ ಫೀಡ್‌ಬ್ಯಾಕ್ ಚೀತ್ಕಾರ ಕೆಲವೇ ಕ್ಷಣಗಳದ್ದು. ಅದು ನಿಂತ ಮೇಲೆ ಎಡಗಿವಿಯಲ್ಲಿ ಹತ್ತಿ ತುರುಕಿದಂತಾಗಿ, ಒಳಗೆ ಸಣ್ಣ ಶಿಳ್ಳೆ ಶುರುವಾಯಿತು.

ಗಿಗ್ ಮುಗಿದ ಮೇಲೆ ಕಿವಿ ಗುಂಯ್‌ಗುಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಬೆಳಗಾಗುವಷ್ಟರಲ್ಲಿ ಅದು ಇಳಿಯುತ್ತದೆ ಎನ್ನುವುದೂ ಅಷ್ಟೇ ಪ್ರಚಲಿತವಾದ ಸಮಾಧಾನ. ಇದು ಇಳಿಯಲಿಲ್ಲ. ಫೋನನ್ನು ಎಡಗಿವಿಗೆ ಹಿಡಿದರೆ ಅಮ್ಮನ ದನಿ ಕಾಗದದ ಹಿಂದಿನಿಂದ ಮಾತಾಡಿದಂತೆ ಕೇಳುತ್ತಿತ್ತು. ಇಎನ್‌ಟಿ ವೈದ್ಯರು ಆಡಿಯೋಮೆಟ್ರಿಗೆ, ಅಂದರೆ ಶ್ರವಣ ಪರೀಕ್ಷೆಗೆ, ಕಳಿಸಿದರು. ಶಬ್ದನಿರೋಧಕ ಪೆಟ್ಟಿಗೆಯಂಥ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಬಲಗಿವಿಯ ಸರದಿ ಸಲೀಸಾಗಿ ಮುಗಿಯಿತು. ಎಡಗಿವಿಯ ಸರದಿಯಲ್ಲಿ ಸ್ವರ ಏರುತ್ತ ಹೋದಂತೆ ಗಾಜಿನಾಚೆ ಕುಳಿತಿದ್ದ ತಂತ್ರಜ್ಞೆಯ ಕೈ ಡಯಲ್ ತಿರುಗಿಸುತ್ತಲೇ ಇರುವುದು ಕಾಣುತ್ತಿತ್ತು, ನನಗೆ ಮಾತ್ರ ಏನೂ ಕೇಳುತ್ತಿರಲಿಲ್ಲ. ಕೈಗೆ ಬಂದ ನಕ್ಷೆಯಲ್ಲಿ ಎಡಗಿವಿಯ ಗೆರೆ 4000 ಹರ್ಟ್ಸ್ ಹತ್ತಿರ ಕುಸಿದು, ಮುಂದೆ ಸ್ವಲ್ಪ ಮೇಲೆದ್ದಿತ್ತು. ಅತಿಯಾದ ಸದ್ದಿನಿಂದ ಆದ ಹಾನಿ ಸಾಮಾನ್ಯವಾಗಿ ಇದೇ ಆಕಾರದಲ್ಲಿ ಕಾಣುತ್ತದೆಯಂತೆ. ಗಿರಣಿ ಕಾರ್ಮಿಕರಲ್ಲೂ ಸೈನಿಕರಲ್ಲೂ ಇದೇ ಕುಸಿತ.

ಕಾರಣ ಸರಳವಾಗಿದೆ. ಒಳಗಿವಿಯ ಶಂಖದಾಕಾರದ ಭಾಗದಲ್ಲಿರುವ ಸೂಕ್ಷ್ಮ ರೋಮಕೋಶಗಳು ಕಂಪನವನ್ನು ನರದ ಸಂಕೇತವಾಗಿ ಬದಲಿಸುತ್ತವೆ. ವಿಪರೀತ ಸದ್ದಿಗೆ ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ, ನಮಗೆ ಆ ಭಾಗ್ಯವಿಲ್ಲ. ಹೋದದ್ದು ಮೇಲಿನ ಸ್ವರಗಳ ಶ್ರವಣವಾದ್ದರಿಂದ ನಿಶ್ಶಬ್ದ ಕೋಣೆಯಲ್ಲಿ ತೊಂದರೆ ಅಷ್ಟಾಗಿ ತಿಳಿಯುವುದಿಲ್ಲ. ಹೋಟೆಲಿನ ಗದ್ದಲದಲ್ಲಿ, ಮದುವೆ ಮನೆಯಲ್ಲಿ, ಮೆಟ್ರೋದಲ್ಲಿ ಎದುರಿನವರ ಸಕಾರ, ಶಕಾರಗಳೆಲ್ಲ ಕರಗಿಹೋಗಿ ಮಾತು ಗೊಣಗಿದಂತೆ ಕೇಳಿಸುತ್ತದೆ.

ಅಂಕಿಗಳನ್ನು ತಿಳಿದಿಟ್ಟುಕೊಳ್ಳುವುದು ಒಳ್ಳೆಯದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯಾಶ್ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧಕ್ಕಿಳಿಯುತ್ತದೆ. ಅಂದರೆ 94ರಲ್ಲಿ 1 ಗಂಟೆ, 100ರಲ್ಲಿ 15 ನಿಮಿಷ, ಗೆಳತಿಯ ವಾಚ್ ತೋರಿಸಿದ 105ರಲ್ಲಿ 5 ನಿಮಿಷಕ್ಕೂ ಕಡಿಮೆ. ನಾವು ಅಲ್ಲಿ ಎರಡು ಬ್ಯಾಂಡುಗಳ ಪೂರ್ತಿ ಸೆಟ್ ನಿಂತಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಸ್ಥಳಗಳಿಗೆಂದೇ ಒಂದು ಮಾನದಂಡ ಪ್ರಕಟಿಸಿದೆ: 15 ನಿಮಿಷಗಳ ಸರಾಸರಿ 100 ಡೆಸಿಬೆಲ್ ಮೀರಬಾರದು, ಕಾರ್ಯಕ್ರಮ ನಡೆಯುವಾಗ ಸದ್ದನ್ನು ಅಳೆಯುತ್ತಲೇ ಇರಬೇಕು, ಕಿವಿರಕ್ಷಕ ಸಿಗುವಂತಿರಬೇಕು, ಕಿವಿಗೆ ವಿರಾಮ ಕೊಡಲು ಶಾಂತವಾದ ಜಾಗವಿರಬೇಕು. ಸ್ವಿಟ್ಜರ್‌ಲೆಂಡಿನಲ್ಲಿ ಸರಾಸರಿ 93 ಡೆಸಿಬೆಲ್ ದಾಟಿದ ಕಾರ್ಯಕ್ರಮಗಳಲ್ಲಿ ಇಯರ್‌ಪ್ಲಗ್ ಉಚಿತವಾಗಿ ಕೊಡುವುದು ಕಡ್ಡಾಯ.

ನಮ್ಮಲ್ಲೂ ಕಾನೂನಿದೆ, ಆದರೆ ಅದರ ಮುಖ ಬೇರೆ ದಿಕ್ಕಿಗಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ, ವಸತಿ ಪ್ರದೇಶಕ್ಕೆ ಹಗಲು 55 ಮತ್ತು ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕುತ್ತವೆ. ಇದೆಲ್ಲ ಪಕ್ಕದ ಮನೆಯವರ ನಿದ್ರೆಗಾಗಿ, ಅದು ನ್ಯಾಯವೇ. ಒಳಗೆ ದುಡ್ಡು ಕೊಟ್ಟು ನಿಂತವರ ಕಿವಿಯ ಬಗ್ಗೆ ಆ ನಿಯಮಗಳಲ್ಲಿ ಮಾತಿಲ್ಲ. ಹಾಗಾಗಿ ದೂರು ಬಾರದಿರಲೆಂದು ಮಾಲೀಕರು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಸುತ್ತಾರೆ, ಸದ್ದು ಒಳಗೇ ಗಾಜಿನಿಂದ ಗಾಜಿಗೆ ಬಡಿದು ದಟ್ಟವಾಗುತ್ತದೆ. ಹೊರಗೆ ಅಳೆದರೆ ಎಲ್ಲವೂ ನಿಯಮಬದ್ಧ!

ಇಷ್ಟು ಸದ್ದು ಯಾರಿಗೆ ಬೇಕು ಎಂಬ ಪ್ರಶ್ನೆಗೆ ಉತ್ತರ ವಿಚಿತ್ರವಾಗಿದೆ: ಬಹುಶಃ ಯಾರಿಗೂ ಅಲ್ಲ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್‌ಗೆ ಮೈಕೇ ಬೇಕಾಗಿಲ್ಲ, ಬರಿಗೋಲಿನ ಹೊಡೆತವೇ ಕಿವಿ ತುಂಬುತ್ತದೆ. ಅದರ ಮೇಲೆ ಕೇಳಿಸಲೆಂದು ಗಿಟಾರಿಸ್ಟ್ ತನ್ನ ಆಂಪ್ (ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ) ಏರಿಸುತ್ತಾನೆ, ಗಿಟಾರಿನ ಮೇಲೆ ಕೇಳಿಸಲೆಂದು ಗಾಯಕಿಗೆ ಮಾನಿಟರ್ (ಹಾಡುವವರಿಗೇ ತಮ್ಮ ದನಿ ಕೇಳಿಸುವ ಸ್ಪೀಕರ್) ಏರಿಸಬೇಕಾಗುತ್ತದೆ, ವೇದಿಕೆಯ ಈ ಗದ್ದಲದ ಮೇಲೆ ಎಂಜಿನಿಯರ್ ಪಿಎ ಏರಿಸುತ್ತಾರೆ. ಗಂಟೆಗಟ್ಟಲೆ ಸದ್ದಿನಲ್ಲಿ ಕುಳಿತ ಎಂಜಿನಿಯರರ ಕಿವಿಯೂ ತಾತ್ಕಾಲಿಕವಾಗಿ ಮಂದವಾಗುವುದರಿಂದ ರಾತ್ರಿ ಕಳೆದಂತೆ ಸದ್ದು ಏರಿಸಿಳಿಸುವ ಫೇಡರ್ ಮೇಲಕ್ಕೇ ಸರಿಯುತ್ತದೆ. ಇದರಲ್ಲಿ ಹೆಚ್ಚು ನಷ್ಟವಾಗುವುದು ಹೊಸ ಬ್ಯಾಂಡಿಗೆ. ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್‌ಚೆಕ್ ಸಮಯವನ್ನೆಲ್ಲ ಹೆಡ್‌ಲೈನರ್, ಅಂದರೆ ರಾತ್ರಿಯ ಮುಖ್ಯ ತಂಡದವರು, ನುಂಗಿರುತ್ತಾರೆ. ಓಪನಿಂಗ್ ತಂಡಕ್ಕೆ ಸಿಗುವುದು ಒಂದು ಹಾಡಿನ ಅರ್ಧಭಾಗ. ಅವರು ಕನ್ನಡದಲ್ಲಿ ಬರೆದು ಹಾಡಿದ್ದರೂ ಒಂದು ಸಾಲು ತಿಳಿಯುವುದಿಲ್ಲ. ಆ ರಾತ್ರಿಯ ಮೊದಲ ತಂಡದ ಹಾಡುಗಳನ್ನು ನಾನು ಅರ್ಥವಾಗುವಂತೆ ಕೇಳಿದ್ದು ಆಮೇಲೆ, ಮನೆಯಲ್ಲಿ, ಬಲಗಿವಿಯಲ್ಲಿ.

ಜೋರುಸದ್ದೇ ಬ್ಯಾಂಡಿನ ಗಂಡಸುತನ ಎಂದು ವಾದಿಸುವವರಿಗೆ ಒಂದು ಮಾತು. ಎಸಿ/ಡಿಸಿ ರಾಕ್ ತಂಡದ ಗಾಯಕ ಬ್ರಯನ್ ಜಾನ್ಸನ್ 2016ರಲ್ಲಿ ಶ್ರವಣಶಕ್ತಿ ಪೂರ್ತಿ ಹೋಗುವ ಅಪಾಯವಿದೆಯೆಂಬ ವೈದ್ಯರ ಎಚ್ಚರಿಕೆಯ ಮೇರೆಗೆ ಪ್ರವಾಸವನ್ನು ಅರ್ಧಕ್ಕೇ ಬಿಡಬೇಕಾಯಿತು. ಉಳಿದ ಕಛೇರಿಗಳಲ್ಲಿ ಅವರ ಜಾಗದಲ್ಲಿ ಗನ್ಸ್ ಎನ್ ರೋಸಸ್ ತಂಡದ ಆಕ್ಸೆಲ್ ರೋಸ್ ಹಾಡಿದರು. ದಿ ಹೂ ತಂಡದ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ತಮ್ಮ ಕಿವಿಮೊರೆತದ ಬಗ್ಗೆ ದಶಕಗಳಿಂದ ಬಹಿರಂಗವಾಗಿ ಮಾತಾಡುತ್ತಿದ್ದಾರೆ. ಈಗ ವೃತ್ತಿಪರ ವಾದಕರಲ್ಲಿ ಎಷ್ಟೋ ಜನ ಕಿವಿಯೊಳಗೇ ಕೂರುವ ಇನ್‌ಇಯರ್ ಮಾನಿಟರನ್ನೋ ಪ್ಲಗ್ಗನ್ನೋ ಹಾಕಿಕೊಂಡೇ ವೇದಿಕೆ ಹತ್ತುತ್ತಾರೆ.

ಟಿಶ್ಯೂ ಕಾಗದ, ಹತ್ತಿ ಇವೆರಡನ್ನೂ ನಂಬಬೇಡಿ, ಅವು ತಡೆಯುವುದು ತೀರಾ ಅಲ್ಪ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಪ್ಲಗ್ ಅಗ್ಗ, ಸರಿಯಾಗಿ ಹಾಕಿದರೆ ಸಾಕಷ್ಟು ರಕ್ಷಣೆ ಕೊಡುತ್ತದೆ. ಅದನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಹೊರಗೆ ಅರ್ಧ ಚಾಚಿಕೊಂಡಿದ್ದರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಅದರ ದೋಷವೆಂದರೆ ಮೇಲಿನ ಸ್ವರಗಳನ್ನು ಹೆಚ್ಚು ನುಂಗಿ ಸಂಗೀತವನ್ನು ಮಬ್ಬು ಮಾಡುವುದು. ಫಿಲ್ಟರ್ ಇರುವ ಮ್ಯೂಸಿಷಿಯನ್ ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ನಾನೀಗ ಬಳಸುವುದು ಅವನ್ನೇ; ಬೇಸ್ ಮತ್ತು ಹಾಡಿನ ಮಾತು ಮೊದಲಿಗಿಂತ ಬಿಡಿಬಿಡಿಯಾಗಿ ಕೇಳುತ್ತವೆ.

ನಿಲ್ಲುವುದಾದರೆ ಕನ್ಸೋಲ್ ಹತ್ತಿರ ನಿಲ್ಲಿ, ಮಿಕ್ಸ್ ಚೆನ್ನಾಗಿ ಕೇಳುವುದೂ ಅಲ್ಲಿಯೇ. ಬಯಲಿನಲ್ಲಿ ಸ್ಪೀಕರಿನಿಂದ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಅಷ್ಟು ಇಳಿಯದಿದ್ದರೂ ಹಾರ್ನ್‌ನ ನೇರ ದಾರಿಯಿಂದ ಪಕ್ಕಕ್ಕೆ ಸರಿದರೆ ಬಹಳ ವ್ಯತ್ಯಾಸವಾಗುತ್ತದೆ. ತೋಳಿನ ದೂರದಲ್ಲಿರುವ ಗೆಳೆಯನಿಗೆ ಕೂಗಿ ಹೇಳಬೇಕಾದರೆ ಸದ್ದು ಮಿತಿ ದಾಟಿದೆ ಎಂದೇ ತಿಳಿಯಿರಿ. ಎರಡು ಸೆಟ್‌ಗಳ ನಡುವೆ ಹೊರಗೆ ಹೋಗಿ ನಿಲ್ಲಿ. ಹೋಗುವ ಮುನ್ನ ಆಯೋಜಕರಿಗೆ ಒಂದು ಸಂದೇಶ ಕಳಿಸಿ, ಪ್ಲಗ್ ಸಿಗುತ್ತದೆಯೇ, ಸ್ಪೀಕರ್ ಮುಂದೆ ಬೇಲಿ ಇರುತ್ತದೆಯೇ ಎಂದು ಕೇಳಿ. ಕೇಳುವವರು ಹೆಚ್ಚಾದ ಮೇಲೆ ಒಂದೆರಡು ಜಾಗಗಳಲ್ಲಿ ಕೌಂಟರಿನ ಮೇಲೆ ಪ್ಲಗ್ ಡಬ್ಬಿ ಬಂದಿರುವುದನ್ನು ನಾನೇ ನೋಡಿದ್ದೇನೆ.

ಗಿಗ್ ಮುಗಿದ ಮರುದಿನವೂ ಮೊರೆತ ಅಥವಾ ಮಂದತೆ ಉಳಿದಿದ್ದರೆ ಕಿವಿಗೆ ಎಣ್ಣೆ ಬಿಡುತ್ತ, ವಾರ ಕಾಯುತ್ತ ಕೂರಬೇಡಿ, ಇಎನ್‌ಟಿ ವೈದ್ಯರನ್ನು ಕಾಣಿ. ಶ್ರವಣಶಕ್ತಿ ಹಠಾತ್ತನೆ ಕುಸಿದಾಗ ವೈದ್ಯರು ಕೊಡುವ ಸ್ಟೀರಾಯ್ಡ್ ಚಿಕಿತ್ಸೆಗೆ ಮೊದಲ ದಿನಗಳೇ ಮುಖ್ಯ. ಆಡಿಯೋಮೆಟ್ರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಇಎನ್‌ಟಿ ವಿಭಾಗಗಳಲ್ಲಿ ಖರ್ಚು ಕಡಿಮೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯಕ್ಕೆಂದೇ ಇರುವ ಸಂಸ್ಥೆ. ಪದೇಪದೇ ಗಿಗ್‌ಗೆ ಹೋಗುವವರು ತೊಂದರೆ ಇಲ್ಲದಾಗಲೇ ಒಮ್ಮೆ ಪರೀಕ್ಷೆ ಮಾಡಿಸಿ ನಕ್ಷೆ ಇಟ್ಟುಕೊಂಡರೆ, ಮುಂದೆ ಹೋಲಿಸಿ ನೋಡಲು ಆಧಾರವಿರುತ್ತದೆ.

ಬಯಲು ಕಾರ್ಯಕ್ರಮಗಳಿಗೆ ಪುಟ್ಟ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವ ತಂದೆತಾಯಂದಿರು ಈಚೆಗೆ ಹೆಚ್ಚಾಗಿದ್ದಾರೆ. ಹೆಗಲೇರಿದ ಮಗುವಿನ ಕಿವಿ ಜನರ ತಲೆಗಳ ಮರೆಯಿಂದ ಮೇಲೆದ್ದು ಸ್ಪೀಕರಿಗೆ ನೇರವಾಗುತ್ತದೆ. ಫೋಮ್ ಪ್ಲಗ್ ಅವರ ಪುಟ್ಟ ಕಿವಿಗೆ ಸರಿಯಾಗಿ ಕೂರುವುದಿಲ್ಲ. ಹೊರಗಿನಿಂದ ಕಿವಿಯನ್ನು ಪೂರ್ತಿ ಮುಚ್ಚುವ ಮಕ್ಕಳ ಇಯರ್‌ಮಫ್ ಕೊಳ್ಳಿ, ಕೊಳ್ಳುವವರೆಗೆ ಮೈದಾನದ ಹಿಂಭಾಗದಲ್ಲೇ ಇರಿ.