ಹಳೆಯ ಕೂಪು ರಸ್ತೆಗೆ ಹಳೆಯ ಡೋಜರ್: ಮೂರು ಮಳೆಗಾಲದ ಬಳಕೆಯ ನಂತರ

ಮೂಡಿಗೆರೆ ತಾಲ್ಲೂಕಿನ ನಮ್ಮ ತೋಟದ ಮೇಲ್ಭಾಗಕ್ಕೆ ಹೋಗುವ ಎರಡೂವರೆ ಕಿಲೋಮೀಟರ್ ಮಣ್ಣಿನ ರಸ್ತೆಯನ್ನು ಯಾರೂ ತೋಟಕ್ಕಾಗಿ ಮಾಡಿದ್ದಲ್ಲ. ನಮ್ಮ ತಂದೆಯವರ ಕಾಲದಲ್ಲಿ ಮರದ ಗುತ್ತಿಗೆದಾರರು ನಾಟಾ ಲಾರಿಗಳನ್ನು ಇಳಿಸಲು ಗುಡ್ಡದ ಮೈಯನ್ನು ಕೆತ್ತಿಸಿ ಮಾಡಿದ ಕೂಪು ರಸ್ತೆ ಅದು. ಲಾರಿಗಳು ನಿಂತ ಮೇಲೆ ಅದನ್ನು ಕೇಳುವವರಿರಲಿಲ್ಲ. ಮಳೆಗಾಲದಲ್ಲಿ ನೀರು ಹರಿದು ಹರಿದು ನಡುವೆ ಮೊಣಕಾಲುದ್ದದ ಕೊರಕಲು ಬಿದ್ದು, ಕಾಫಿ ಹಣ್ಣಿನ ಚೀಲಗಳನ್ನು ತಲೆಯ ಮೇಲೆ ಹೊತ್ತು ತರಬೇಕಾದ ಸ್ಥಿತಿ ಬಂದಿತ್ತು. 2022ರ ಜನವರಿಯಲ್ಲಿ ಅಕ್ಕಪಕ್ಕದ ಮೂವರು ಬೆಳೆಗಾರರು ಸೇರಿ, ಹನ್ನೊಂದೂವರೆ ಲಕ್ಷ ರೂಪಾಯಿ ಕೊಟ್ಟು, ಮೂವತ್ತು ವರ್ಷ ದುಡಿದಿದ್ದ ಒಂದು ಸಣ್ಣ ಚೈನ್ ಡೋಜರನ್ನು, ಅಂದರೆ ಟೈರುಗಳ ಬದಲು ಉಕ್ಕಿನ ಚೈನುಗಳ ಮೇಲೆ ಓಡುತ್ತ ಮುಂದಿನ ಬ್ಲೇಡಿನಿಂದ ಮಣ್ಣು ತಳ್ಳುವ ಯಂತ್ರವನ್ನು, ತಂದೆವು. ರಸ್ತೆ ಪೂರ್ತಿಯಾಗಿ ನಮ್ಮ ಮೂವರ ಹಿಡುವಳಿ ಜಮೀನಿನಲ್ಲಿದೆ. ಮೇಲೆ ಅರಣ್ಯದ ಗಡಿಕಲ್ಲು ಬರುವ ಐವತ್ತು ಅಡಿ ಮೊದಲೇ ನಾವು ಯಂತ್ರವನ್ನು ನಿಲ್ಲಿಸುತ್ತೇವೆ.

ಇಂಜಿನ್ನಿನ ಅಶ್ವಶಕ್ತಿ, ತೂಕ, ಬ್ಲೇಡಿನ ಅಗಲ ಇವೆಲ್ಲ ಈ ಗಾತ್ರದ ಯಂತ್ರವನ್ನು ನೋಡಲು ಹೊರಟವರಿಗೆ ಗೊತ್ತಿರುವ ಸಂಗತಿಗಳು. ನಾನು ಬರೆಯಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ಈ ಹಳೆಯ ಡೋಜರಿನ ಬ್ಲೇಡನ್ನು ಸೀಟಿನಲ್ಲಿ ಕುಳಿತು ಮೇಲೆ ಕೆಳಗೆ ಮಾಡಬಹುದೇ ಹೊರತು ಒಂದು ಮಗ್ಗುಲಿಗೆ ಓರೆ ಮಾಡಲಾಗುವುದಿಲ್ಲ. ಓರೆ ಮಾಡಬೇಕಾದರೆ ಇಳಿದು, ಬ್ಲೇಡನ್ನು ಹಿಂದಿನಿಂದ ಆನಿಸಿಕೊಂಡಿರುವ ದಂಡದ ದಪ್ಪ ಸ್ಕ್ರೂವನ್ನು ಹಾರೆ ಹಾಕಿ ಕೈಯಿಂದಲೇ ತಿರುಗಿಸಬೇಕು. ಕೊಳ್ಳುವಾಗ ನಾವು ಇಂಜಿನ್ನಿನ ಹೊಗೆಯ ಬಣ್ಣವನ್ನೂ ಚೈನಿನ ಸವೆತವನ್ನೂ ನೋಡಿದೆವು. ಈ ಸ್ಕ್ರೂ ತಿರುಗುತ್ತದೆಯೇ ಎಂದು ಯಾರೂ ನೋಡಲಿಲ್ಲ. ಅದು ತುಕ್ಕು ಹಿಡಿದು ಕಲ್ಲಾಗಿತ್ತು.

ಮೊದಲ ವರ್ಷದ ಕೆಲಸವನ್ನು ಫೆಬ್ರವರಿಯಲ್ಲಿ ಮಾಡಿಸಿದೆವು. ಹನ್ನೆರಡು ದಿನಗಳಲ್ಲಿ ಕೊರಕಲು ಮುಚ್ಚಿ, ದರೆಯಿಂದ, ಅಂದರೆ ಗುಡ್ಡದ ಕಡೆಯ ಕಡಿದ ಮಣ್ಣಿನ ಗೋಡೆಯಿಂದ, ಜಾರಿ ಬಿದ್ದಿದ್ದ ಮಣ್ಣು ತೆಗೆದು, ಬೇರುಗಳನ್ನು ಕಿತ್ತು, ರಸ್ತೆ ಮೇಜಿನಂತೆ ಸಮತಟ್ಟಾಗಿ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಾರ್ಚಿನ ಹೂಮಳೆ ಬಂದಾಗಲೇ ಮೇಲಿನ ಹಿಟ್ಟಿನಂಥ ಮಣ್ಣು ಕದಡಿ ಹೋಯಿತು. ಜುಲೈನಲ್ಲಿ ಪುನರ್ವಸು ಮಳೆ ಹಿಡಿದು ಮೂರನೆಯ ದಿನ ಕೊಡೆ ಹಿಡಿದು ಮೇಲೆ ಹೋಗಿ ನೋಡಿದರೆ, ರಸ್ತೆಯೇ ಹಳ್ಳವಾಗಿತ್ತು. ಡೋಜರ್ ಪ್ರತಿಸಲ ಹಾದುಹೋದಾಗಲೂ ರಸ್ತೆಯನ್ನು ಒಂದಿಷ್ಟು ಕೆಳಗಿಳಿಸಿ, ಮಿಕ್ಕ ಮಣ್ಣನ್ನು ಕಣಿವೆಯ ಕಡೆಯ ಅಂಚಿನಲ್ಲಿ ದಿಂಡಾಗಿ ಬಿಟ್ಟಿತ್ತು. ಒಂದು ಪಕ್ಕ ದರೆ, ಇನ್ನೊಂದು ಪಕ್ಕ ದಿಂಡು, ನಡುವೆ ತಗ್ಗು. ಮೇಲಿನ ತಿರುವಿನಲ್ಲಿ ಒಳಗೆ ಬಂದ ನೀರಿಗೆ ಕೆಳಗಿನ ಗೇಟಿನವರೆಗೆ ಹೊರಹೋಗಲು ಒಂದು ಕಡೆಯೂ ದಾರಿ ಇರಲಿಲ್ಲ. ಆ ಮಳೆಗಾಲದಲ್ಲಿ ನನ್ನನ್ನು ಯಾರಾದರೂ ಕೇಳಿದ್ದರೆ, ಹಳೆಯ ಡೋಜರ್ ಕೊಳ್ಳಬೇಡಿ, ಆ ದುಡ್ಡಿಗೆ ಹತ್ತು ವರ್ಷ ಜೆಸಿಬಿಯನ್ನು ಬಾಡಿಗೆಗೆ ತನ್ನಿ ಎಂದು ಖಂಡಿತವಾಗಿ ಹೇಳುತ್ತಿದ್ದೆ.

ಮಳೆ ನಿಂತ ಮೇಲೆ, ಕೂಪುಗಳ ಕಾಲದಲ್ಲಿ ಡೋಜರ್ ಓಡಿಸಿದ್ದ, ಈಗ ಎಪ್ಪತ್ತು ದಾಟಿರುವ ಹಿರಿಯ ಆಪರೇಟರ್ ಒಬ್ಬರನ್ನು ಕರೆತಂದು ತೋರಿಸಿದೆವು. ಅವರು ಯಂತ್ರದ ಕಡೆ ತಿರುಗಿಯೂ ನೋಡದೆ ರಸ್ತೆಯ ಅಂಚಿನ ದಿಂಡನ್ನು ಕೋಲಿನಿಂದ ಕುಟ್ಟಿ, "ಗೌಡ್ರೇ, ಇದನ್ನ ಯಾಕೆ ಬಿಟ್ಟಿದೀರಿ? ನೀರು ಎಲ್ಲಿಂದ ಇಳೀಬೇಕು?" ಎಂದು ಕೇಳಿದರು. ಆಮೇಲೆ ಡೋಜರಿನ ಬಳಿ ಬಂದು ಮೊದಲು ಮುಟ್ಟಿದ್ದು ಆ ಸ್ಕ್ರೂವನ್ನು. ಎರಡು ದಿನ ಡೀಸೆಲ್ಲಿನಲ್ಲಿ ನೆನೆಸಿದ ಗೋಣಿಪಟ್ಟೆಯನ್ನು ಅದಕ್ಕೆ ಸುತ್ತಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ, ಮೂರನೆಯ ದಿನ ಬೆಳಿಗ್ಗೆ ಹಾರೆಗೆ ಇಬ್ಬರು ಭಾರ ಹಾಕಿದಾಗ ಅದು ಕಿರ್ರೆಂದು ಕಾಲು ಸುತ್ತು ತಿರುಗಿತು. ತುಕ್ಕಿನ ಕೆಂಪು ಪುಡಿ ಉದುರಿ, ಒಳಗಿನ ಹೊಳೆಯುವ ಎಳೆಗಳು ಕಂಡವು. ಅಲ್ಲಿಂದ ಈ ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಬೇರೆಯಾಯಿತು.

ಓರೆಯಾದ ಬ್ಲೇಡು ರಸ್ತೆಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2022ರ ನವೆಂಬರಿನಲ್ಲಿ, ವಿಶಾಖ ಮಳೆಯ ಹಸಿ ಇನ್ನೂ ಮಣ್ಣಿನಲ್ಲಿದ್ದಾಗ, ಅಂದರೆ ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಿ ನಿಲ್ಲುವ ಹದದಲ್ಲಿ ಕೆಲಸ ಆರಂಭಿಸಿದೆವು. ಮೊದಲು ಅಂಚಿನ ದಿಂಡನ್ನೆಲ್ಲ ರಸ್ತೆಯ ಒಳಕ್ಕೇ ಎಳೆದು ತಗ್ಗಿಗೆ ತುಂಬಿಸಿದೆವು. ಮೂವತ್ತು ವರ್ಷಗಳಲ್ಲಿ ರಸ್ತೆ ಕಳೆದುಕೊಂಡಿದ್ದ ಮಣ್ಣಿನಲ್ಲಿ ಒಂದು ಪಾಲು ಅಲ್ಲಿಯೇ ಅಂಚಿನಲ್ಲಿ ಕುಳಿತಿತ್ತು. ನಂತರ ಬ್ಲೇಡನ್ನು ಹೊರಮಗ್ಗುಲಿಗೆ ತುಸು ವಾಲಿಸಿ, ಹತ್ತು ಅಡಿ ಅಗಲದ ರಸ್ತೆಯಲ್ಲಿ ಕಣಿವೆಯ ಕಡೆಯ ಅಂಚು ದರೆಯ ಕಡೆಯ ಅಂಚಿಗಿಂತ ಐದು ಇಂಚು ತಗ್ಗಿರುವಂತೆ ಉದ್ದಕ್ಕೂ ಇಳಿಜಾರು ಕೊಟ್ಟೆವು. ಹೀಗೆ ಮಾಡಿದರೆ ನೀರು ರಸ್ತೆಯ ಉದ್ದಕ್ಕೆ ಓಡಿ ವೇಗ ಪಡೆಯುವ ಮೊದಲೇ ತೆಳುವಾಗಿ ಹರಡಿ ಅಡ್ಡಕ್ಕೆ ಇಳಿದುಹೋಗುತ್ತದೆ. ಏರು ಹೆಚ್ಚಿರುವಲ್ಲಿ ನೂರು ಅಡಿಗೊಂದು, ಕಡಿಮೆ ಇರುವಲ್ಲಿ ಇನ್ನೂರು ಅಡಿಗೊಂದರಂತೆ, ಜೀಪು ಮತ್ತು ಟ್ರ್ಯಾಕ್ಟರ್ ತೊಂದರೆಯಿಲ್ಲದೆ ದಾಟುವಷ್ಟು ಉದ್ದವಾದ ತಗ್ಗುಗಳನ್ನೂ ಓರೆಯಾಗಿ ಮಾಡಿಸಿ, ಪ್ರತಿಯೊಂದರ ಬಾಯಿಗೆ ಕಾಡುಕಲ್ಲು ಹಾಸಿದೆವು. ಜೇಡಿಮಣ್ಣಿರುವ ಎರಡು ಕಡಿದಾದ ತಿರುವುಗಳಲ್ಲಿ ಮಾತ್ರ ಹೊರಕ್ಕೆ ವಾಲಿಸಲಿಲ್ಲ, ಏಕೆಂದರೆ ಮಳೆಯಲ್ಲಿ ಜಾರಿದ ಗಾಡಿ ನೇರವಾಗಿ ಕಣಿವೆಗೇ ಹೋಗುತ್ತದೆ. ಅಲ್ಲಿ ಒಳಮಗ್ಗುಲಿಗೆ ಇಳಿಜಾರು ಕೊಟ್ಟು, ದರೆಯ ಬುಡದಲ್ಲಿ ಚರಂಡಿ ತೆಗೆದು, ಹ್ಯೂಮ್ ಪೈಪಿನ ಮೋರಿ ಕೂರಿಸಿದೆವು.

ಸ್ಕ್ರೂ ತಿರುಗಿಸಲು ಪ್ರತಿಸಲ ಇಳಿಯಬೇಕಾದದ್ದು ಮೊದಮೊದಲು ಬೇಸರ ತರಿಸುತ್ತಿತ್ತು. ಆದರೆ ಇಳಿದಾಗಲೆಲ್ಲ ಆಗಷ್ಟೇ ಕೆರೆದ ನೆಲದ ಮೇಲೆ ನಡೆದು, ಹಿಂದಿರುಗಿ ನೋಡಿ, ಕೊಡದಿಂದ ನೀರು ಸುರಿದು ಅದು ಯಾವ ಕಡೆ ಹೋಗುತ್ತದೆ ಎಂದು ಪರೀಕ್ಷಿಸುವ ಅಭ್ಯಾಸವಾಯಿತು. ಸೀಟಿನಲ್ಲಿ ಕುಳಿತವರ ಕಣ್ಣಿಗೆ ಬ್ಲೇಡಿನ ಹಿಂಭಾಗ ಕಾಣುತ್ತದೆಯೇ ಹೊರತು ರಸ್ತೆಯ ಓರೆ ಕಾಣುವುದಿಲ್ಲ. ಎಲ್ಲವನ್ನೂ ಲಿವರಿನಿಂದಲೇ ಮಾಡುವ ಹೊಸ ಯಂತ್ರವಿದ್ದಿದ್ದರೆ ನಾವು ಇಷ್ಟು ಸಲ ನೆಲಕ್ಕೆ ಇಳಿಯುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

2023ರಲ್ಲಿ ರಸ್ತೆ ಉಳಿಯಿತು, ಆದರೆ ಆ ವರ್ಷ ರಾಜ್ಯದಲ್ಲೆಲ್ಲ ಮಳೆ ಕೈಕೊಟ್ಟು ಬರ ಘೋಷಣೆಯಾಗಿದ್ದರಿಂದ ನಾನು ಅದನ್ನು ಪರೀಕ್ಷೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಿಜವಾದ ಪರೀಕ್ಷೆ 2024ರ ಜುಲೈ ತಿಂಗಳಿನದು. ಪುಷ್ಯ ಮಳೆ ಹಗಲು ರಾತ್ರಿ ಎನ್ನದೆ ಸುರಿದ ಆ ದಿನಗಳಲ್ಲಿ ನಾನು ದಿನಕ್ಕೊಮ್ಮೆ ಮೇಲೆ ಹೋಗಿ ಬರುತ್ತಿದ್ದೆ. ಪ್ರತಿ ತಗ್ಗಿನ ಬಾಯಲ್ಲೂ ಕೆಂಪು ನೀರು ಕಲ್ಲಿನ ಮೇಲಿಂದ ರಸ್ತೆಯ ಕೆಳಗಿದ್ದ ಸಿಲ್ವರ್ ಓಕ್ ಮರಗಳ ಬುಡಕ್ಕೆ ಇಳಿಯುತ್ತಿತ್ತು. ರಸ್ತೆಯ ನಡುವೆ ಒಂದು ಬೆರಳಿನಷ್ಟು ಆಳದ ಗೀರೂ ಬಿದ್ದಿರಲಿಲ್ಲ. ಒಂದು ಕಡೆ ದರೆ ಜರಿದು ಎರಡು ಟ್ರ್ಯಾಕ್ಟರ್ ಲೋಡಿನಷ್ಟು ಮಣ್ಣು ಬಿದ್ದದ್ದೇ ಆ ವರ್ಷದ ಒಟ್ಟು ಹಾನಿ.

ಬಳಸುವ ದಿನಗಳ ಕ್ರಮ ನನಗೆ ಬಹಳ ಪ್ರಿಯವಾದದ್ದು. ಬೆಳಿಗ್ಗೆ ಆರೂವರೆಗೆ ಹೊಗೆ ಕೊಳವೆಯ ಮೇಲೆ ಮಳೆ, ಮಂಜು ಬೀಳದಂತೆ ಮಗುಚಿಟ್ಟ ಡಬ್ಬವನ್ನು ತೆಗೆಯುತ್ತೇವೆ. ಆಯಿಲ್ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ನೋಡಿ, ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ, ತಳದಲ್ಲಿ ನಿಂತ ನೀರಿನ ಹನಿಗಳು ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಒಂದು ಲೋಟಕ್ಕೆ ಹಿಡಿಯುತ್ತೇವೆ. ಇಂಜಿನ್ ಹತ್ತಿ ಬಿಸಿಯಾಗುವ ಹೊತ್ತಿಗೆ ಫ್ಲಾಸ್ಕಿನ ಕಾಫಿ ಮುಗಿದಿರುತ್ತದೆ. ಸಂಜೆಯ ಕೆಲಸ ಇದಕ್ಕಿಂತ ಮುಖ್ಯ: ಚೈನಿನ ಸಂದಿಗಳಲ್ಲಿ ಮೆತ್ತಿಕೊಂಡ ಕೆಮ್ಮಣ್ಣನ್ನು ಅದು ಒಣಗಿ ಇಟ್ಟಿಗೆಯಂತಾಗುವ ಮೊದಲೇ ಸಲಿಕೆಯಿಂದ ಕೆರೆದು ತೆಗೆಯಬೇಕು, ಟ್ಯಾಂಕನ್ನು ಅಂದೇ ತುಂಬಿಸಿಡಬೇಕು, ಸ್ಕ್ರೂವಿಗೆ ಗ್ರೀಸ್ ಬಳಿದು ಪ್ಲಾಸ್ಟಿಕ್ ಸುತ್ತಬೇಕು. ವಾರಕ್ಕೊಮ್ಮೆ ಚೈನಿನ ಮೇಲೆ ನೆಟ್ಟಗಿನ ಕಂಬಿ ಇಟ್ಟು ಅದು ಎಷ್ಟು ಜೋತಿದೆ ಎಂದು ಅಳೆಯುತ್ತೇವೆ. ಎರಡು ಬೆರಳಿನಷ್ಟು ಇದ್ದರೆ ಸರಿ. ಬಿಗಿಯಾಗಿದ್ದರೆ ಒಳ್ಳೆಯದೆಂದು ತಿಳಿದು ನಾವು ಮೊದಲ ವರ್ಷ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಿ ಬಿಗಿಗೊಳಿಸಿದ್ದರಿಂದಲೇ ಚೈನನ್ನು ಎಳೆಯುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲುಗಳು ಬೇಗ ಸವೆದವು. ಪಂಚಾಯಿತಿಯ ಡಾಂಬರು ರಸ್ತೆಯನ್ನು ದಾಟಿಸಬೇಕಾದಾಗ ಲಾರಿಯ ಹಳೆಯ ಟೈರುಗಳನ್ನು ಹಾಸಿ, ಹಿಂದಿನದನ್ನು ಎತ್ತಿ ಮುಂದಕ್ಕೆ ಇಡುತ್ತ ದಾಟಿಸುತ್ತೇವೆ. ಹದಿನೆಂಟು ಅಡಿಗೆ ಕಾಲು ಗಂಟೆ ಹಿಡಿಯುತ್ತದೆ, ಆದರೆ ಡಾಂಬರಿಗೆ ಒಂದು ಗೀರೂ ಆಗುವುದಿಲ್ಲ.

ಓಡಿಸುವ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಕಾಲಿನ ಪೆಡಲ್ ಒತ್ತಿದರೆ ಇಂಜಿನ್ ವೇಗ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಅದಕ್ಕಿಂತ ಅಪಾಯದ್ದು ಇಳಿಜಾರಿನ ಸ್ವಭಾವ: ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಒತ್ತದೆ, ಸಮತಟ್ಟಿನಲ್ಲಿ ಯಂತ್ರವನ್ನು ಎಡಕ್ಕೆ ತಿರುಗಿಸುವ ಎಡ ಲಿವರನ್ನಷ್ಟೇ ಎಳೆದರೆ, ಕ್ಲಚ್ ಬಿಟ್ಟ ಎಡ ಚೈನ್ ಸ್ವತಂತ್ರವಾಗಿ ಮುಂದಕ್ಕೆ ಓಡಿ, ಬಲ ಚೈನನ್ನು ಇಂಜಿನ್ ಹಿಡಿದುಕೊಂಡು, ಯಂತ್ರ ಬಲಕ್ಕೆ ತಿರುಗುತ್ತದೆ. ಜೆಸಿಬಿಯಷ್ಟನ್ನೇ ಓಡಿಸಿದವರ ಕೈಗೆ ಇದನ್ನು ಕೊಡಬಾರದು. ದಿನಗೂಲಿ ಹೆಚ್ಚಾದರೂ ಅನುಭವಿಯನ್ನೇ ಕರೆಯಿರಿ.

ಈ ಡೋಜರ್ ಮಾಡಲಾರದ ಕೆಲಸಗಳೂ ಇವೆ. ಅದು ಮಣ್ಣನ್ನು ದಮ್ಮಸ್ಸು ಮಾಡುವುದಿಲ್ಲ. ತೂಕವೆಲ್ಲ ಅಗಲವಾದ ಚೈನುಗಳ ಮೇಲೆ ಹಂಚಿಹೋಗುವುದರಿಂದ ನೆಲಕ್ಕೆ ಬೀಳುವ ಒತ್ತಡ ನಡೆಯುವ ಮನುಷ್ಯನ ಒಂದು ಪಾದದ ಒತ್ತಡಕ್ಕಿಂತ ಬಹಳ ಹೆಚ್ಚೇನಲ್ಲ. ತುಂಬಿದ ಕೊರಕಲಿನ ಮೇಲೆ ಅದು ಹತ್ತು ಸಲ ಓಡಾಡಿದರೂ ಒಳಗಿನ ಮಣ್ಣು ಸಡಿಲವಾಗಿಯೇ ಇರುತ್ತದೆ. ಆರಾರು ಇಂಚಿನ ಪದರಗಳಲ್ಲಿ ತುಂಬಿ, ರೋಡ್ ರೋಲರನ್ನು ಎರಡು ದಿನ ಬಾಡಿಗೆಗೆ ತಂದದ್ದು ನಮ್ಮ ಎರಡನೆಯ ವರ್ಷದ ಯಶಸ್ಸಿಗೆ ಒಂದು ಕಾರಣ. ಮೋರಿ ಕೂರಿಸಲು, ಚರಂಡಿ ತೋಡಲು ಜೆಸಿಬಿಯೇ ಅನುಕೂಲ. ಇನ್ನು ರಸ್ತೆ ಅಗಲವಾಗಲೆಂದು ದರೆಯ ಬುಡವನ್ನು ಬ್ಲೇಡಿನಿಂದ ಕಡಿಯುವ ಆಸೆಯನ್ನು ದಯವಿಟ್ಟು ಬಿಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರು ನಾವು. ಬುಡ ಕಳೆದುಕೊಂಡ ದರೆ ಮುಂದಿನ ಮಳೆಗಾಲದಲ್ಲಿ ಮೇಲಿನ ಕಾಫಿ ಗಿಡಗಳ ಸಮೇತ ರಸ್ತೆಗೆ ಇಳಿಯುತ್ತದೆ.

ಖರ್ಚಿನ ಲೆಕ್ಕ ಹೀಗಿದೆ. ಗಂಟೆಗೆ 12 ಲೀಟರಿನ ಆಸುಪಾಸು ಡೀಸೆಲ್ ಕುಡಿಯುತ್ತದೆ. ಮೊದಲ ವರ್ಷ 96 ಗಂಟೆ ಓಡಿತು. ಎರಡನೆಯ ವರ್ಷ 110 ಗಂಟೆ. 2023ರ ನವೆಂಬರಿನಲ್ಲಿ ದುರಸ್ತಿಗೆ 14 ಗಂಟೆಗಳಷ್ಟೇ ಸಾಕಾದವು. ಇಂಜಿನ್ನಿಗೆ ಆಯಿಲ್ ಮತ್ತು ಫಿಲ್ಟರ್ ಬಿಟ್ಟು ಬೇರೆ ಖರ್ಚು ಬರಲಿಲ್ಲ. ಹಣ ಹೋಗಿರುವುದೆಲ್ಲ ಚೈನು, ರೋಲರು, ಸ್ಪ್ರಾಕೆಟ್ಟಿಗೆ. ಒಬ್ಬರೇ ಕೊಳ್ಳುವುದಾದರೆ, ರಸ್ತೆ ಐದಾರು ಕಿಲೋಮೀಟರಿಗಿಂತ ಕಡಿಮೆಯಿದ್ದರೆ, ಇದು ಲಾಭದ ವ್ಯವಹಾರವಲ್ಲ. ನಮ್ಮಂತೆ ಮೂವರು ನಾಲ್ವರು ಸೇರಿದರೆ ಮಾತ್ರ ಹೊರೆ ತಡೆಯುತ್ತದೆ. ನೋಡಲು ಹೋಗುವಾಗ ಜೊತೆಗೊಂದು ಹಾರೆ ಒಯ್ದು, ಬ್ಲೇಡಿನ ಸ್ಕ್ರೂ ತಿರುಗುತ್ತದೆಯೇ ಎಂದು ಮೊದಲು ನೋಡಿ.

ನಮ್ಮ ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನುಗಳು ಮತ್ತು ಅವುಗಳ ಮೇಲಿನ ಬುಷ್‌ಗಳು ಒಂದು ಮಗ್ಗುಲಿನಲ್ಲಿ ಸವೆದಿವೆ. ಅವನ್ನು ಬಿಚ್ಚಿಸಿ, ಅರ್ಧ ಸುತ್ತು ತಿರುಗಿಸಿ, ಸವೆಯದ ಮಗ್ಗುಲು ಕೆಲಸಕ್ಕೆ ಬರುವಂತೆ ಮತ್ತೆ ಕೂರಿಸಲು ವರ್ಕ್‌ಶಾಪಿನವರು ತೊಂಬತ್ತು ಸಾವಿರ ಕೇಳಿದ್ದಾರೆ. ಮೂವರೂ ಸೇರಿ ಹಣ ಕೊಡಲು ಒಪ್ಪಿದ್ದೇವೆ. ಕೊಯ್ಲು ಆರಂಭವಾಗುವ ಮೊದಲು ಆ ಕೆಲಸ ಮುಗಿಸಿ, ಜುಲೈನಲ್ಲಿ ಬಿದ್ದ ದರೆಯ ಮಣ್ಣನ್ನು ತೆಗೆಸಬೇಕು.