ಬೆಲ್ಟ್‌ನಿಂದ ಅಗಲದ ಸ್ಕ್ರೀನ್‌ಗೆ ‘ಸ್ಪ್ರೆಡರ್ ಚ್ಯೂಟ್’ ತಗೊಳ್ಳುವವರು ದಯವಿಟ್ಟು ಇದನ್ನು ಓದಿ

ಬೆಲ್ಟ್ ತುದಿಯಿಂದ ಬೀಳುವ ಅದಿರನ್ನು ಸ್ಕ್ರೀನಿನ, ಅಂದರೆ ಅದಿರು ಜರಡಿ ಹಿಡಿಯುವ ಯಂತ್ರದ, ಪೂರ್ತಿ ಅಗಲಕ್ಕೆ ಹರಡಿ ಇಳಿಸುವ ಪೆಟ್ಟಿಗೆಗೆ ಸ್ಪ್ರೆಡರ್ ಚ್ಯೂಟ್ ಅನ್ನುತ್ತಾರೆ. ಕೆಳಗಡೆ ಅಗಲ ಮಾಡಿದ ಖಾಲಿ ತಗಡಿನ ಡಬ್ಬಕ್ಕೆ ಆ ಹೆಸರಿಟ್ಟು ಒಂದು ಕಂಪನಿಯವರು ನಮಗೆ ಮಾರಿದ್ದಾರೆ. ಹೆಸರಿನಲ್ಲಿ ಸ್ಪ್ರೆಡರ್ ಇದೆ, ಒಳಗೆ ಹರಡುವಂಥದ್ದು ಏನೂ ಇಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಇನ್ನೊಂದು ಪ್ಲಾಂಟ್‌ನವರು ಇದೇ ಹಳ್ಳಕ್ಕೆ ಬೀಳಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಬೆಲ್ಟ್ 900 ಮಿ.ಮೀ., ಸ್ಕ್ರೀನ್ 2,100 ಮಿ.ಮೀ. ಅಗಲ. ಬೆಲ್ಟ್ 900 ಇದ್ದರೂ ಎರಡೂ ಅಂಚು ಬಿಟ್ಟು ಅದಿರು ಕೂರುವುದು ಸುಮಾರು 700ರಷ್ಟರಲ್ಲಿ, ಅದೂ ನಡುವೆ ಗುಡ್ಡೆಯಾಗಿ. ಅಂದರೆ ಸ್ಕ್ರೀನಿನ ಮೂರನೇ ಒಂದು ಭಾಗದಷ್ಟು ಅಗಲದಲ್ಲಿ ಬಂದದ್ದನ್ನು ಪೂರ್ತಿ ಅಗಲಕ್ಕೆ ಹರಡಬೇಕು. ಹರಡದಿದ್ದರೆ ಎಲ್ಲ ಮಾಲೂ ಜಾಲರಿಯ ನಡುವೆಯೇ ದಪ್ಪ ಹಾಸಾಗಿ ಹರಿಯುತ್ತದೆ, ಕೆಳಗಿನ ಪುಡಿ ಇಳಿದರೂ ಮೇಲಿನ ಪುಡಿಗೆ ಜಾಲರಿ ಮುಟ್ಟುವ ಅವಕಾಶವೇ ಸಿಗುವುದಿಲ್ಲ, ಜಾಲರಿ ದಾಟದ ದಪ್ಪ ಕಲ್ಲಿನ ಜೊತೆ ಓವರ್‌ಸೈಜ್‌ಗೆ ಹೋಗಿ ಬೀಳುತ್ತದೆ. ಹೊರಬೀಳುವ ತುದಿಯಲ್ಲಿ ಹಾಸಿನ ದಪ್ಪ ಜಾಲರಿಯ ಕಿಂಡಿಯ ನಾಲ್ಕು ಪಟ್ಟು ಮೀರಬಾರದು ಅನ್ನುವ ಲೆಕ್ಕ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. 10 ಮಿ.ಮೀ. ಕಿಂಡಿಗೆ 40 ಮಿ.ಮೀ. ದಪ್ಪ ಮಿತಿ. ಆದರೆ ಮಾಲೆಲ್ಲ ಮೂರನೇ ಒಂದು ಅಗಲದಲ್ಲಿ ಹರಿದರೆ ಆ ದಪ್ಪ ಮೂರು ಪಟ್ಟು. ಎಷ್ಟೇ ಒಳ್ಳೆಯ ಸ್ಕ್ರೀನ್ ಆದರೂ ಏನು ಮಾಡೀತು?

ಇದನ್ನೆಲ್ಲ ಚ್ಯೂಟ್ ಮಾರಿದವರಿಗೆ ಮೊದಲೇ ಬಿಡಿಸಿ ಹೇಳಿದ್ದೆವು. ನಮ್ಮ ಅದಿರು ತೇವ, ಮಳೆಗಾಲದಲ್ಲಿ ಅಂಟುತ್ತದೆ ಅಂತಲೂ ಹೇಳಿದ್ದೆವು, ಬರವಣಿಗೆಯಲ್ಲಿ ಕೊಟ್ಟಿದ್ದೆವು. ಬಂದಿದ್ದ ಇಂಜಿನಿಯರ್ ಹೇಳಿದ್ದು ಒಂದೇ ಮಾತು: “ಸರ್, ಯೋಚನೆ ಬಿಡಿ, ಅಂಚಿನಿಂದ ಅಂಚಿಗೆ ಹರಡುತ್ತೆ.” ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ಒಣ ಜಲ್ಲಿ, ಎಲ್ಲ ಒಂದೇ ಅಳತೆಯದ್ದು, ಬೆಲ್ಟ್ ತುಂಬ ಲೋಡ್. ಅದು ಚೆಂದವಾಗಿಯೇ ಹರಡುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚ್ಯೂಟ್ ಕೂರಿಸಿ ಲೋಡ್ ಮೇಲೆ ಓಡಿಸಿ, ಲೈನ್ ನಿಲ್ಲಿಸಿ, ತಪಾಸಣೆ ಬಾಗಿಲು ತೆಗೆದೆವು. ಹೊಸ ಜಾಲರಿ. ನಡುವೆ ತಂತಿ ಆಗಲೇ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಎರಡೂ ಪಕ್ಕದಲ್ಲಿ ಗೋದಾಮಿನ ದೂಳು ಹಾಗೇ ಕೂತಿತ್ತು, ಬೆರಳಿಟ್ಟರೆ ಗುರುತು ಮೂಡುತ್ತಿತ್ತು. ಒಂದು ಕಲ್ಲೂ ಆ ಕಡೆ ಹೋಗಿಲ್ಲ! ನಮ್ಮ ಫಿಟ್ಟರ್ ಚ್ಯೂಟ್ ಒಳಗೆ ಟಾರ್ಚ್ ಬಿಟ್ಟು, “ಸರ್, ಇಲ್ಲಿ ನೋಡಿ” ಅಂದ. ಹಿಂಬದಿ ಪ್ಲೇಟಿನಲ್ಲಿ ಸಾಲಾಗಿ ಬೋಲ್ಟ್ ತೂತುಗಳು. ನೀಟಾಗಿ ಕೊರೆದಿದ್ದಾರೆ. ಪ್ಲೇಟುಗಳೇ ಇಲ್ಲ. ಬೀಳುವ ಮಾಲನ್ನು ಸೀಳಿ ಎರಡೂ ಪಕ್ಕಕ್ಕೆ ತಿರುಗಿಸಬೇಕಾದ ಡಿಫ್ಲೆಕ್ಟರ್ ಪ್ಲೇಟುಗಳು ಬಂದೇ ಇಲ್ಲ! ಡ್ರಾಯಿಂಗಿನಲ್ಲಿ ಅವು ಇದ್ದವು, ನಾವೆಲ್ಲ ನೋಡಿದ್ದೇವೆ. ಶಿಫ್ಟಿನವರು, ಮ್ಯಾನೇಜರ್ ಎಲ್ಲರೂ ಸುತ್ತ ನಿಂತಿದ್ದರು. ಈ ಚ್ಯೂಟ್‌ಗಾಗಿ ಓಡಾಡಿದವನು ನಾನು. ಅವತ್ತು ತಲೆ ಎತ್ತಿ ಯಾರ ಮುಖವನ್ನೂ ನೋಡಲಾಗಲಿಲ್ಲ.

ಫೋನ್ ಮಾಡಿದೆ. ಮೊದಲ ಉತ್ತರ: “ನಿಮ್ಮ ಅದಿರು ತೇವ ಸರ್, ಅದಕ್ಕೇ ಹರಡ್ತಿಲ್ಲ.” ತೇವ ಅಂತ ನಾವೇ ಬರೆದು ಕೊಟ್ಟಿದ್ದೆವಲ್ಲ! ಆಮೇಲೆ “ಬೆಲ್ಟ್ ಸ್ಪೀಡ್ ಇಳಿಸಿ ನೋಡಿ” ಅಂದರು. ಅದೇ ಟನ್ನೇಜ್‌ಗೆ ಸ್ಪೀಡ್ ಇಳಿಸಿದರೆ ಬೆಲ್ಟ್ ಮೇಲಿನ ಗುಡ್ಡೆ ಇನ್ನೂ ಎತ್ತರವಾಗುತ್ತದೆ, ಮಾಲು ಹೆಡ್ ಪುಲ್ಲಿಯಿಂದ (ಬೆಲ್ಟ್ ತುದಿಯ ಉರುಳೆ) ಹಾರುವ ದೂರವೂ ಕಡಿಮೆಯಾಗುತ್ತದೆ, ಬೀಳುವ ಜಾಗವೇ ಬದಲಾಗುತ್ತದೆ. ಹಾಗೆ ಹೇಳಿದ್ದಕ್ಕೆ “ಸ್ಕ್ರೀನ್ ಕೊಟ್ಟವರನ್ನ ಕೇಳಿ” ಅಂದರು. ಕೊನೆಗೆ ಪ್ಲೇಟಿನ ಮಾತು ಎತ್ತಿದೆ. “ಅದು ಆಪ್ಷನಲ್ ಸರ್. ಡ್ರಾಯಿಂಗಿನಲ್ಲಿ ಡ್ಯಾಶ್ ಗೆರೆ ಹಾಕಿದ್ದೇವಲ್ಲ?”

ಡ್ಯಾಶ್ ಗೆರೆ! ಡ್ರಾಯಿಂಗ್ ಓದಲು ಕಲಿತ ಯಾರನ್ನಾದರೂ ಕೇಳಿ, ಡ್ಯಾಶ್ ಗೆರೆ ಅಂದರೆ ಮುಂದಿನ ಭಾಗದ ಹಿಂದೆ ಮರೆಯಾಗಿರುವ ಅಂಚು. ಚ್ಯೂಟಿನ ಒಳಗಿನ ಪ್ಲೇಟ್ ಹೊರಗಿನಿಂದ ಕಾಣುವುದಿಲ್ಲ, ಡ್ಯಾಶ್ ಹಾಕುವುದೇ ಸರಿ. ಅದನ್ನೇ ಇವರು “ನಾವು ಕೊಡುವುದಿಲ್ಲ” ಅನ್ನುವ ಅರ್ಥಕ್ಕೆ ತಿರುಗಿಸಿದ್ದಾರೆ. ಇದು ಮೋಸ, ಬೇರೆ ಹೆಸರಿಲ್ಲ.

ತಗಡನ್ನು ಕೆಳಗೆ ಅಗಲ ಮಾಡಿದ ಮಾತ್ರಕ್ಕೆ ಅದಿರು ಅಗಲವಾಗುವುದಿಲ್ಲ. ಬೀಳುವ ಮಾಲು ನೆಟ್ಟಗೆ ಬೀಳುತ್ತದೆ, ಪಕ್ಕದ ಗೋಡೆ ದೂರ ಇದ್ದರೆ ಅದಕ್ಕೇನು? ಅದನ್ನು ತಡೆದು ವೇಗ ತಗ್ಗಿಸಿ ಪಕ್ಕಕ್ಕೆ ಹರಿಸಬೇಕು. ಒಳಗೆ ಅದಿರೇ ನಿಂತು ಹಾಸಾಗಿ, ಅದಿರಿನ ಮೇಲೆ ಅದಿರು ಬಿದ್ದು ಹರಡುವಂಥ ಫೀಡ್ ಬಾಕ್ಸ್ ಇದ್ದರೆ ಒಳಗೋಡೆ ಸವೆಯದಿರಲು ಹಾಕುವ ಲೈನರೂ ಉಳಿಯುತ್ತದೆ. ಎತ್ತರಕ್ಕೆ ಜಾಗ ಇರುವವರು ಬೆಲ್ಟಿಗೂ ಸ್ಕ್ರೀನಿಗೂ ನಡುವೆ ಸ್ಕ್ರೀನಿನಷ್ಟೇ ಅಗಲದ ವೈಬ್ರೇಟಿಂಗ್ ಫೀಡರ್ (ಅದುರುತ್ತಾ ಮಾಲು ಮುಂದೂಡುವ ಯಂತ್ರ) ಹಾಕಿಕೊಳ್ಳಿ, ಖರ್ಚು ಹೆಚ್ಚು, ಆದರೆ ಇಂಥ ಡಬ್ಬದವರ ಮುಖ ನೋಡುವ ಹಾಗಿಲ್ಲ. ಬೆಲ್ಟ್ ಸ್ಕ್ರೀನಿಗೆ ಅಡ್ಡಲಾಗಿ ಬರುವವರಂತೂ ಇನ್ನೂ ಹುಷಾರಾಗಿರಿ. ಬೆಲ್ಟ್ ಹೊರುವ ಉರುಳೆಗಳಾದ ಐಡ್ಲರ್ ಮೇಲೆ ಕುಲುಕಾಡುತ್ತಾ ಬರುವಾಗಲೇ ಪುಡಿ ಬೆಲ್ಟಿನ ತಳಕ್ಕೆ ಇಳಿದಿರುತ್ತದೆ, ದಪ್ಪ ಕಲ್ಲು ಮೇಲೆ. ತುದಿಯಲ್ಲಿ ಕಲ್ಲು ಆಚೆ ಪಕ್ಕಕ್ಕೆ ಹಾರುತ್ತದೆ, ಪುಡಿ ಈಚೆ ಪಕ್ಕದಲ್ಲೇ ಉದುರುತ್ತದೆ. ಲೋಡ್ ಒಂದೇ ಪಕ್ಕಕ್ಕೆ ಬಿದ್ದರೆ ಆ ಕಡೆಯ ಸ್ಪ್ರಿಂಗ್, ಬೇರಿಂಗ್, ಸೈಡ್ ಪ್ಲೇಟ್ ಎಲ್ಲದಕ್ಕೂ ಏಟು.

ಆರ್ಡರಿನಲ್ಲಿ ‘ಸರಿಯಾಗಿ ಹರಡುತ್ತದೆ’ ಅನ್ನುವ ಸಾಲು ಇದ್ದರೆ ಅದು ಯಾವ ಕೆಲಸಕ್ಕೂ ಬಾರದು. ಸ್ಕ್ರೀನಿನ ಅಗಲವನ್ನು ಐದಾರು ಪಾಲು ಮಾಡಿ, ಪ್ರತಿ ಪಾಲಿನ ಮಾಲು ತೂಗಿ, ಎಷ್ಟು ವ್ಯತ್ಯಾಸ ನಡೆಯುತ್ತದೆ ಅಂತ ಅಂಕಿಯಲ್ಲಿ ಬರೆಸಿ. ಅರ್ಧ ಲೋಡ್, ಪೂರ್ತಿ ಲೋಡ್ ಎರಡರಲ್ಲೂ, ನಿಮ್ಮದೇ ಅದಿರಿನಲ್ಲಿ ತೋರಿಸಲಿ. ಪೂರ್ತಿ ಲೋಡಿಗೆ ಕೂರಿಸಿದ ಪ್ಲೇಟು ಅರ್ಧ ಲೋಡಿಗೆ ತಾಗದೇ ಹೋಗಬಹುದು, ಹಾಗಾಗಿ ಪ್ಲೇಟ್ ಹೊರಗಿನಿಂದ ಜರುಗಿಸುವ ಹಾಗಿರಲಿ. ಒಳಗಿನ ಒಂದೊಂದು ಪ್ಲೇಟಿನ ಹೆಸರೂ ಮಾಲಿನ ಪಟ್ಟಿಯಲ್ಲಿ ಇರಲಿ, ಡ್ಯಾಶ್ ಗೆರೆಯನ್ನು ನಂಬಬೇಡಿ.

ಬಾಕಿ ಬಿಲ್ ನಾವು ತಡೆಹಿಡಿದಿದ್ದೇವೆ. ಮೊನ್ನೆ ಅವರೇ ಫೋನ್ ಮಾಡಿ, “ಪ್ಲೇಟಿಗೆ ಬೇರೆ ಕೊಟೇಶನ್ ಕಳಿಸಲಾ ಸರ್?” ಅಂತ ಕೇಳಿದರು. ಬೇಡ ಅಂದೆ. ಪ್ಲೇಟ್ ನಮ್ಮ ವರ್ಕ್‌ಶಾಪಿನಲ್ಲೇ ಕತ್ತರಿಸುತ್ತಿದ್ದಾರೆ, ಅವರು ಕೊರೆದ ತೂತಿಗೇ ಕೂರಿಸುತ್ತೇವೆ, ಆ ಖರ್ಚನ್ನು ಅವರ ಬಿಲ್‌ನಿಂದಲೇ ಕಳೆಯುತ್ತೇವೆ.